ಒಂಬತ್ತು ಹಬೆ, ಒಂಬತ್ತು ಬಿಸಿಲು: ನನ್ನ ಶೂದಿ ಕೊನೆಗೂ ಕಪ್ಪಾಯ್ತು

ಸಿಂಗಾಪುರದ ಫ್ಲ್ಯಾಟಿನಲ್ಲಿ ಶೂದಿ (ರೆಹ್ಮಾನಿಯಾ ಅನ್ನೋ ಗಿಡದ ಗೆಡ್ಡೆಯನ್ನು ವೈನಿನಲ್ಲಿ ನೆನೆಸಿ, ಒಂಬತ್ತು ಸಲ ಹಬೆ ಕೊಟ್ಟು ಒಣಗಿಸಿ ಮಾಡುವ ಚೀನೀ ಔಷಧಿ) ಮಾಡೋದು ಆಗದ ಮಾತು ಅಂತ ನಮ್ಮ ಬ್ಲಾಕಿನ ಕೆಳಗಿರುವ ಚೀನೀ ಔಷಧಿ ಅಂಗಡಿಯ ಅಂಕಲ್ ನಕ್ಕಿದ್ದರು. ಅದು ಚೀನಾದ ಹೆನಾನ್ ಕಡೆಯವರ ಕೆಲಸ, ನೀನು ಸುಮ್ನೆ ಕೊಂಡು ತಿನ್ನು ಅಂದರು. ನನ್ನ ಹೆಂಡತಿಯದು ಬೇರೆ ತಕರಾರು: "ರೀ, ಮನೆಯೆಲ್ಲಾ ಹೆಂಡದಂಗಡಿ ವಾಸನೆ!"

ಅಂಗಡಿಯಲ್ಲಿ ಸಿಗುವ ಅಗ್ಗದ ಶೂದಿ ಕತ್ತರಿಸಿ ನೋಡಿದ್ದೀರಲ್ವಾ? ಹೊರಗೆ ಕಪ್ಪು, ಒಳಗೆ ಕಂದು. ಶೂದಿ ಹಾಕುವ ನಾಲ್ಕು ಪದಾರ್ಥದ ಚೀನೀ ಸೂಪ್ ಇರಲಿ, ಆರು ಮೂಲಿಕೆಯ ಲಿಯುವೇ ಗುಳಿಗೆ ಇರಲಿ (ಅದರಲ್ಲಿ ದೊಡ್ಡ ಪಾಲು ಇದೇ), ಅರೆಬೆಂದ ಗೆಡ್ಡೆ ಹಾಕಿ ಏನು ಪ್ರಯೋಜನ?

ಮೊದಲ ಸಲ ಎರಡು ಕೆಜಿ ಶೆಂಗ್‌ದಿ (ಇನ್ನೂ ಹಬೆ ಕೊಡದ ಅದೇ ಗೆಡ್ಡೆ) ತಂದೆ, ಸುಮಾರು 50 ಡಾಲರ್. ಸೂಪರ್ ಮಾರ್ಕೆಟ್ಟಿನ ಶಾವ್‌ಶಿಂಗ್ ವೈನ್ (ಅಕ್ಕಿಯಿಂದ ಮಾಡುವ ಚೀನೀ ವೈನ್) ಸುರಿದು ರಾತ್ರಿಯಿಡೀ ನೆನೆಹಾಕಿದೆ. ಮೂರು ಹಬೆ ಆದಮೇಲೆ ಬಾಯಿಗಿಟ್ಟರೆ ಉಪ್ಪಿನಕಾಯಿ! ಅಡುಗೆಗೆ ಅಂತ ಮಾರುವ ವೈನಿಗೆ ಉಪ್ಪು ಹಾಕಿರುತ್ತಾರೆ, ನಾನು ಚೀಟಿ ಓದಿರಲಿಲ್ಲ. ಅಷ್ಟೂ ಕಸದ ಡಬ್ಬಿಗೆ. ಕುಡಿಯುವ ವೈನೇ ತನ್ನಿ, ದುಬಾರಿಯಾದರೂ. ಎರಡು ಕೆಜಿಗೆ ಮುಕ್ಕಾಲು ಲೀಟರ್ ಸಾಕು.

ಎರಡನೇ ಸಲ ಶುರು ಮಾಡಿದ್ದು ಡಿಸೆಂಬರಿನಲ್ಲಿ. ಇಲ್ಲಿ ಆಗ ಮಳೆ ನಿಲ್ಲೋದೇ ಇಲ್ಲ. ಐದನೇ ದಿನ ಬಿದಿರಿನ ಮೊರದ ಮೇಲೆ ಬಿಳಿ ಬೂಷ್ಟು. ಮತ್ತೆ 50 ಡಾಲರ್ ಹೋಯಿತು. ಮೂರನೇ ಸಲ ಬೂಷ್ಟು ಬರಲಿಲ್ಲ, ಆದರೆ ಗೆಡ್ಡೆ ಒಣಕಟ್ಟಿಗೆಯಂತಾಯಿತು. ಪಾತ್ರೆಯ ತಳಕ್ಕೆ ಇಳಿದ ಕಪ್ಪು ರಸವನ್ನು ನಾನು ಪ್ರತಿಸಲ ಸಿಂಕಿಗೆ ಚೆಲ್ಲುತ್ತಿದ್ದೆ. ಸಾರವೆಲ್ಲಾ ಅದರಲ್ಲೇ ಇತ್ತು! ಅಂಕಲ್ ಕೇಳಿ ಹಣೆ ಚಚ್ಚಿಕೊಂಡರು. ಕಬ್ಬಿಣದ ಬಾಣಲೆಯಲ್ಲಿ ಹಬೆ ಕೊಟ್ಟೆ ಅಂದಾಗ ಇನ್ನೂ ಬೈಗುಳ.

ಈ ಸಲ ಫೆಬ್ರವರಿಯಲ್ಲೇ ಕೂತೆ. ಊರಿನಿಂದ ತಂದ ಸ್ಟೀಲಿನ ಇಡ್ಲಿ ಪಾತ್ರೆ, ತಟ್ಟೆಯ ಕೆಳಗೆ ರಸ ಹಿಡಿಯಲು ಒಂದು ಪಿಂಗಾಣಿ ಬಟ್ಟಲು. ಒಂದೊಂದು ಹಬೆಗೂ ನಾಲ್ಕು ಗಂಟೆ. ಇಳಿದ ರಸವನ್ನು ಗೆಡ್ಡೆಗೇ ಕಲಸಿ, ಹೀರಿಕೊಂಡಮೇಲೆ ಬಿಸಿಲಿಗೆ. ಮೋಡ ಬಂದ ದಿನ ಆಹಾರ ಒಣಗಿಸುವ ಡ್ರೈಯರಿನಲ್ಲಿ 55 ಡಿಗ್ರಿ. ಇದು ಮೋಸ ಅಂತ ಅಂಕಲ್ ಅಂದರು. ಅನ್ನಲಿ. ಶಾರೆನ್ (ಏಲಕ್ಕಿ ಜಾತಿಯ ಚೀನೀ ಮಸಾಲೆ) ಪುಡಿ ಐದನೇ ಹಬೆಯ ನಂತರ ಹಾಕಿದೆ. ಎಷ್ಟು ಅಂತ ಮಾತ್ರ ಕೇಳಬೇಡಿ, ನಾನು ಮೂರು ಸಲ ದುಡ್ಡು ಕಳೆದು ಕಲಿತದ್ದು.

ಆರನೆಯದರವರೆಗೂ ನಂಬಿಕೆ ಇರಲಿಲ್ಲ. ಏಳಕ್ಕೆ ವೈನಿನ ಘಾಟು ಹೋಗಿ ಜೋನಿಬೆಲ್ಲದ ವಾಸನೆ ಬಂತು. ಒಂಬತ್ತಾದಮೇಲೆ ಚಾಕು ಹಾಕಿದೆ. ಹಳೇ ಹುಣಸೆಹಣ್ಣಿನ ಹಾಗೆ, ನಡುವಿನವರೆಗೂ ಕಪ್ಪು, ಮಿರಮಿರ ಮಿಂಚು. ಚಾಕು ಎತ್ತಿದರೆ ತುಂಡು ಅಂಟಿಕೊಂಡೇ ಮೇಲೆ ಬಂತು.

ಮಧ್ಯೆ ಅದೇ ಪಾತ್ರೆಯಲ್ಲಿ ಒಂದು ಹಿಡಿ ಹುವಾಂಗ್‌ಜಿಂಗ್ (ಹೀಗೇ ಹಬೆ ಕೊಟ್ಟು ಮಾಡುವ ಇನ್ನೊಂದು ಚೀನೀ ಔಷಧಿ ಗೆಡ್ಡೆ) ಕೂಡ ಇಟ್ಟೆ. ಎರಡನೇ ಹಬೆಗೆ ಆತುರಪಟ್ಟು ಕಚ್ಚಿದರೆ ಗಂಟಲೆಲ್ಲಾ ಚುಚ್ಚಿತು, ಬೇಯದ ಕೆಸುವಿನಗೆಡ್ಡೆ ತಿಂದ ಹಾಗೆ. ಒಂಬತ್ತಕ್ಕೆ ಅದೂ ಖರ್ಜೂರದಂತಾಯಿತು. ನಿಜ ಹೇಳಬೇಕೆಂದರೆ ಬಾಯಿಗೆ ಅದೇ ಜಾಸ್ತಿ ರುಚಿ.

ಲೆಕ್ಕ ಹಾಕಿದರೆ ಇದು ಲಾಭದ ಕೆಲಸ ಅಲ್ಲ. ಕೆಟ್ಟುಹೋದದ್ದೆಲ್ಲಾ ಸೇರಿ ಸುಮಾರು 300 ಡಾಲರ್ ಆಗಿರಬಹುದು, ಕರೆಂಟ್ ಬಿಲ್ ಬೇರೆ. ಇನ್ನೊಂದು: ಖುಷಿಯಲ್ಲಿ ದಿನಕ್ಕೆ ನಾಲ್ಕೈದು ತುಂಡು ತಿಂದೆ, ಹೊಟ್ಟೆ ಕಲ್ಲಾಯಿತು, ಹಸಿವೇ ಇಲ್ಲ. ಶೂದಿ ಎಷ್ಟು ಜಿಗುಟು ಅಂತ ಗೊತ್ತಿದ್ದೂ ಮಾಡಿದ ತಪ್ಪು. ಈಗ ಸೂಪಿಗೆ ಹಾಕುವಾಗ ಒಂದು ಚೂರು ಚೆನ್‌ಪಿ (ಒಣಗಿಸಿದ ಕಿತ್ತಳೆ ಸಿಪ್ಪೆ) ತಪ್ಪಿಸೋದಿಲ್ಲ.

ಮೊನ್ನೆ ಅಂಕಲ್‌ಗೆ ಒಂದು ತುಂಡು ಕೊಟ್ಟೆ. ಬೆಳಕಿಗೆ ಹಿಡಿದರು, ಮೂಸಿದರು, ಬಾಯಿಗೆ ಹಾಕಿಕೊಂಡು ಸುಮಾರು ಹೊತ್ತು ಅಗಿದರು. ಚೆನ್ನಾಗಿದೆ ಅನ್ನಲಿಲ್ಲ. ಡಬ್ಬಿ ತಮ್ಮ ಕಡೆ ಎಳೆದುಕೊಂಡು, ತಕ್ಕಡಿಯಲ್ಲಿ 200 ಗ್ರಾಂ ತೂಗಿ, ಎಷ್ಟು ಕೊಡಲಿ ಅಂತ ಕೇಳಿದರು.