ಶೀಟಿನ ಮೇಲೆ ಮಳೆ, ಕೆಳಗೆ ಟಿವಿ: ಮಾತು ಕೇಳಿಸುವಂತೆ ಮಾಡಿಕೊಂಡ ನನ್ನ ಅನುಭವ

ಹೊಸನಗರ ತಾಲ್ಲೂಕಿನ ನಮ್ಮ ಮನೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಟಿವಿ ನೋಡುವುದೆಂದರೆ ಮಳೆಯೊಡನೆ ಜಗಳವಾಡುವುದು ಎಂದೇ ಆಗಿತ್ತು. ಹಳೆಯ ಹಂಚಿನ ಮನೆಗೆ ತಾಗಿಸಿ ಆರ್‌ಸಿಸಿ ಕೋಣೆಯೊಂದನ್ನು ಕಟ್ಟಿಸಿ, ತಾರಸಿ ಸೋರದಿರಲಿ, ಅಡಕೆ ಹರವಲೂ ಜಾಗವಾಗಲಿ ಎಂದು ಈ ಕಡೆಯ ಎಲ್ಲರಂತೆ ಅದರ ಮೇಲೆ ತಗಡಿನ ಶೀಟು ಹೊದೆಸಿದ್ದೆವು. ಮಳೆ ಜೋರಾದಾಗ ಆ ಶೀಟಿನ ಸದ್ದು ಕಿಟಕಿಯಿಂದ ಒಳಗೆ ಸುರಿಯುತ್ತಿತ್ತು. ಅಮ್ಮ ಎರಡು ನಿಮಿಷಕ್ಕೊಮ್ಮೆ ‘ಎಂತ ಹೇಳ್ದ ಅವ?’ ಎಂದು ಕೇಳುವುದು, ನಾನು ಸದ್ದು ಏರಿಸುವುದು, ಅಷ್ಟರಲ್ಲಿ ಜಾಹೀರಾತು ಬಂದು ಎಲ್ಲರೂ ಕಿವಿ ಮುಚ್ಚಿಕೊಳ್ಳುವುದು, ಇದು ಪ್ರತಿ ಸಂಜೆಯ ಕಥೆ. ನಲವತ್ತಮೂರು ಇಂಚಿನ ಹೊಸ ಟಿವಿಯ ಚಿತ್ರವನ್ನು ಯಾರೂ ದೂರುವಂತಿರಲಿಲ್ಲ. ಆದರೂ ಅರ್ಧ ಸಿನಿಮಾಕ್ಕೇ ಮನೆಯವರು ಒಬ್ಬೊಬ್ಬರಾಗಿ ಎದ್ದುಹೋಗುತ್ತಿದ್ದರು. ಅವರು ಎದ್ದುಹೋಗುತ್ತಿದ್ದುದು ಬೇಸರದಿಂದಲ್ಲ, ಮಾತು ಹಿಡಿಯಲು ಕಿವಿಗೊಟ್ಟು ದಣಿದದ್ದರಿಂದ ಎಂಬುದು ನನಗೆ ಹೊಳೆದದ್ದು ತಡವಾಗಿ.

ನಾನು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದಿ ತೋಟಕ್ಕೆ ಮರಳಿದವನು; ಊರಿನವರ ರೇಡಿಯೊ, ಆಂಪ್ಲಿಫೈಯರ್ ಬಿಚ್ಚಿ ಬೆಸುಗೆ ಹಾಕುವ ಹವ್ಯಾಸ ಇನ್ನೂ ಇದೆ. ಹೀಗಿದ್ದೂ ನಾನು ಮಾಡಿದ ಮೊದಲ ಕೆಲಸ ಎಲ್ಲರೂ ಮಾಡುವ ತಪ್ಪೇ. ಶಿವಮೊಗ್ಗಕ್ಕೆ ಹೋಗಿ, ಅಂಗಡಿಯವರು ಗಾಜಿನ ಬಾಗಿಲು ನಡುಗುವಂತೆ ಬಾಸ್ (ತಗ್ಗು ಕಂಪನದ ಗುಡುಗು) ಬಾರಿಸಿ ತೋರಿಸಿದ, ಟಿವಿಗೆ ಜೋಡಿಸುವ ಉದ್ದನೆಯ ಸ್ಪೀಕರ್ ಪಟ್ಟಿಯಾದ ಸೌಂಡ್‌ಬಾರನ್ನು, ಪೆಟ್ಟಿಗೆಯ ಮೇಲಿನ ವ್ಯಾಟ್ ಸಂಖ್ಯೆ ನೋಡಿ ಮನೆಗೆ ತಂದೆ. ಮನೆಯಲ್ಲಿ ಅದು ಗುಡುಗಿತು. ಮಾತು ಮಾತ್ರ ಮೊದಲಿಗಿಂತ ಹೆಚ್ಚು ಮಸುಕಾಯಿತು.

ಕಾರಣ ಸರಳವಾಗಿತ್ತು. ಮನುಷ್ಯನ ಕಿವಿ ಸುಮಾರು 20ರಿಂದ 20,000 ಹರ್ಟ್ಸ್‌ವರೆಗೆ, ಅಂದರೆ ಸೆಕೆಂಡಿಗೆ ಅಷ್ಟು ಕಂಪನಗಳವರೆಗೆ, ಕೇಳಬಲ್ಲುದಾದರೂ ಮಾತನ್ನು ಮಾತಾಗಿಸುವ ವ್ಯಂಜನಗಳ ಬಹುಪಾಲು ಗುರುತು ಇರುವುದು 2,000 ಹರ್ಟ್ಸ್‌ನ ಆಸುಪಾಸಿನಲ್ಲಿ ಮತ್ತು ಅದರ ಮೇಲೆ. ಸ್ವರಗಳು ಶಕ್ತಿವಂತ, ವ್ಯಂಜನಗಳು ಬಡಕಲು. ‘ಸಾಲ’, ‘ಕಾಲ’, ‘ಬಾಲ’ ಇವುಗಳಲ್ಲಿ ‘ಆ’ ಕಾರ ಕಿವಿಗೆ ಬಿದ್ದರೂ ಮೊದಲ ಅಕ್ಷರ ಯಾವುದೆಂದು ತಿಳಿಯದಿದ್ದರೆ ವಾಕ್ಯವೇ ಕೈತಪ್ಪುತ್ತದೆ. ಮಳೆಯ ಸದ್ದು ಎಲ್ಲ ಕಂಪನಾಂಕಗಳಲ್ಲೂ ಹರಡಿಕೊಂಡಿರುವುದರಿಂದ ಅದು ನುಂಗುವುದು ಮೊದಲು ಈ ಬಡಕಲು ವ್ಯಂಜನಗಳನ್ನೇ. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದೂ ಮೇಲಿನ ಕಂಪನಾಂಕಗಳನ್ನೇ ಆದ್ದರಿಂದ ಅಮ್ಮನಿಗೆ ಎರಡು ಕಡೆಯಿಂದ ಪೆಟ್ಟು. ಇಂಥ ಕಡೆ ಬಾಸ್ ಹೆಚ್ಚಿಸಿದರೆ ಕೊಚ್ಚೆ ನೀರಿಗೆ ಮತ್ತಷ್ಟು ಮಣ್ಣು ಕಲಸಿದಂತೆ.

ಹಾಗಾಗಿ ಎರಡನೆಯ ಸಲ ಹಣ ಖರ್ಚು ಮಾಡದೆ ಕೋಣೆಯಿಂದ ಶುರುಮಾಡಿದೆ. ನಡುಮನೆಯಲ್ಲಿ ನಿಂತು ಒಮ್ಮೆ ಚಪ್ಪಾಳೆ ತಟ್ಟಿದೆ: ಮಣ್ಣಿನ ಗೋಡೆ, ಮರದ ಅಟ್ಟ, ಸಂದಿಬಿಟ್ಟ ಹಂಚು, ಸದ್ದು ಅಲ್ಲಿಗೇ ಸತ್ತಿತು. ಹೊಸ ಕೋಣೆಯಲ್ಲಿ ತಟ್ಟಿದರೆ ‘ಝಿಣ್’ ಎಂದು ಬಾಲವೊಂದು ಉಳಿಯಿತು. ಟೈಲ್ಸ್ ನೆಲ, ಗಾಜಿನ ಕಿಟಕಿ, ನುಣ್ಣಗೆ ಪುಟ್ಟಿ ಬಳಿದ ಎದುರುಬದುರು ಗೋಡೆಗಳು. ಒಂದು ಅಕ್ಷರದ ಬಾಲ ಮುಂದಿನ ಅಕ್ಷರದ ತಲೆಯ ಮೇಲೆ ಬೀಳುತ್ತಿತ್ತು. ಟಿವಿಯನ್ನು ನಡುಮನೆಗೇ ಒಯ್ಯೋಣವೆಂದರೆ ಅಲ್ಲಿ ದೇವರ ಗೂಡು ಇದೆಯೆಂದು ಅಮ್ಮ ಒಪ್ಪಲಿಲ್ಲ.

ಯಾರೋ ಹೇಳಿದರೆಂದು ಮೊಟ್ಟೆ ಟ್ರೇಗಳನ್ನು ಗೋಡೆಗೆ ಅಂಟಿಸಿದ್ದೆ. ಅದು ಬರೀ ಭ್ರಮೆ. ತೆಳುವಾದ ರಟ್ಟು ಮೇಲಿನ ಕಂಪನಾಂಕಗಳನ್ನು ತುಸು ಚದುರಿಸುತ್ತದೆಯೇ ಹೊರತು ಹೀರುವುದಿಲ್ಲ. ಖಾಲಿ ಅಡಕೆ ಗೋಣಿಗಳನ್ನು ತೂಗುಹಾಕಿದ್ದೂ ಹೆಚ್ಚು ಫಲ ಕೊಡಲಿಲ್ಲ. ಫಲ ಕೊಟ್ಟದ್ದು ದಪ್ಪನೆಯ ಉಣ್ಣೆ ಕಂಬಳಿ, ಅದನ್ನೂ ಗೋಡೆಗೆ ಒತ್ತಿ ಹೊಡೆದಾಗ ಅಲ್ಲ, ಗೋಡೆಯಿಂದ ನಾಲ್ಕು ಇಂಚು ದೂರ ಬಿಟ್ಟು ಗಳಕ್ಕೆ ತೂಗಿದಾಗ. ಅಲೆಯು ಗೋಡೆಗೆ ತಾಗಿದ ಜಾಗದಲ್ಲಿ ಗಾಳಿಯ ಕಣಗಳು ಚಲಿಸಲಾರವು. ಅಲೆಯುದ್ದದ ಕಾಲುಭಾಗದಷ್ಟು ದೂರದಲ್ಲಿ ಅವುಗಳ ಓಡಾಟ ಅತ್ಯಂತ ಜೋರು, ನೂಲಿನ ಎಳೆಗಳ ನಡುವೆ ಆ ಓಡಾಟ ಉಜ್ಜಿ ಶಾಖವಾಗಿ ಕರಗುತ್ತದೆ. ನಾಲ್ಕು ಇಂಚು ಎಂದರೆ ಸುಮಾರು 850 ಹರ್ಟ್ಸ್‌ನ ಅಲೆಯ ಕಾಲುಭಾಗ. ಟಿವಿಯ ಎದುರು ಗೋಡೆಗೆ ಕಂಬಳಿ, ನೆಲಕ್ಕೆ ಜಮಖಾನ, ಪಕ್ಕದ ಗೋಡೆಗೆ ಹಳೆಯ ಪುಸ್ತಕಗಳ ಕಪಾಟು, ಮೂಲೆಯಲ್ಲಿ ನೆಟ್ಟಗೆ ನಿಲ್ಲಿಸಿದ ಎರಡು ಹತ್ತಿಯ ಹಾಸಿಗೆ, ಇಷ್ಟಕ್ಕೆ ಚಪ್ಪಾಳೆಯ ಬಾಲ ಉದುರಿತು. ಮನೆಗೆ ಬಂದವರು ‘ಕಂಬಳಿ ಒಣಗಿಸೋಕೆ ಹಾಕಿದ್ರಾ?’ ಎಂದು ಕೇಳುವುದು ನಿಂತಿಲ್ಲ, ಅದು ಬೇರೆ ವಿಷಯ.

ಆಮೇಲೆ ದೂರ. ನಾವು ಕೋಣೆಯ ಒಂದು ತುದಿಯಲ್ಲಿ, ಟಿವಿ ಇನ್ನೊಂದು ತುದಿಯಲ್ಲಿ, ನಡುವೆ ಹನ್ನೆರಡು ಅಡಿ. ಬಯಲಿನಲ್ಲಾದರೆ ದೂರ ಇಮ್ಮಡಿಯಾದಾಗ ಸದ್ದು 6 ಡೆಸಿಬೆಲ್ ಇಳಿಯುತ್ತದೆ. ಕೋಣೆಯೊಳಗೆ ಸ್ಪೀಕರಿನಿಂದ ನೇರವಾಗಿ ಬರುವ ಸದ್ದಿಗೂ ಲೆಕ್ಕ ಇದೇ. ಮೊಬೈಲಿನ ಆ್ಯಪ್ ಹಿಡಿದು, ಅದು ಕರಾರುವಾಕ್ಕಲ್ಲ ಎಂದು ತಿಳಿದೇ, ಕಿಟಕಿ ಮುಚ್ಚಿ ಅಳೆದಾಗ ಮಳೆ 62 ಡೆಸಿಬೆಲ್ ತೋರಿಸಿದರೆ ಅಮ್ಮನ ಕುರ್ಚಿಯ ಬಳಿ ಟಿವಿಯ ಮಾತು ಅದಕ್ಕಿಂತ ಕೆಳಗೇ ಇತ್ತು. ಕುರ್ಚಿಗಳನ್ನು ಆರು ಅಡಿಗೆ ಎಳೆದೆ. ಪೈಸೆ ಖರ್ಚಿಲ್ಲದೆ ಆರು ಡೆಸಿಬೆಲ್ ಕೈಸೇರಿತು, ಮಳೆ ಮಾತ್ರ ಇದ್ದಷ್ಟೇ ಇತ್ತು. ತಾಳಮದ್ದಳೆಯಲ್ಲಿ ಹಿಂದಿನವರು ಅರ್ಥಧಾರಿಗಳ ಸುತ್ತ ಯಾಕೆ ಅಷ್ಟು ಒತ್ತಿ ಕೂರುತ್ತಿದ್ದರು ಎಂದು ಆಗ ಅರ್ಥವಾಯಿತು. ಈಗ ಅದೇ ಕೂಟಕ್ಕೆ ಪ್ರತಿಧ್ವನಿ ಬೆರೆಸಿದ ಮೈಕು ಹಾಕಿ ಹಿಂದಿನ ಸಾಲಿಗೂ ಮುಂದಿನ ಸಾಲಿಗೂ ಸಮನಾಗಿ ಅರ್ಥವಾಗದಂತೆ ಮಾಡುತ್ತಾರೆ.

ಇಷ್ಟಾದ ಮೇಲೆಯೇ ಸ್ಪೀಕರಿನ ಮಾತು. ತೆಳ್ಳನೆಯ ಟಿವಿಯ ಸ್ಪೀಕರುಗಳು ಕಿರಿದು, ನೆಲಕ್ಕೋ ಹಿಂಬದಿಯ ಗೋಡೆಗೋ ಮುಖಮಾಡಿರುತ್ತವೆ. ಬೆನ್ನು ತಿರುಗಿಸಿ ಮಾತನಾಡುವವನ ಸ್ಥಿತಿ ಅವುಗಳದ್ದು. ಸಿನಿಮಾದ 5.1 ಧ್ವನಿಯಲ್ಲಿ ಎಡ, ಬಲ, ಹಿಂದಿನ ಎರಡು ಮತ್ತು ನಡುವೆ ಒಂದು, ಹೀಗೆ ಐದು ಪೂರ್ಣ ವಾಹಿನಿಗಳು; ‘.1’ ಎಂಬುದು 120 ಹರ್ಟ್ಸ್‌ಗಿಂತ ಕೆಳಗಿನ ಗುಡುಗಿಗೆ ಮೀಸಲು. ಪಾತ್ರಗಳ ಮಾತಿನ ಬಹುಪಾಲು ಬರುವುದು ನಡುವಿನ ವಾಹಿನಿಯಿಂದ. ಎರಡೇ ಸ್ಪೀಕರ್ ಇದ್ದರೆ ಆ ಮಾತನ್ನು ಎಡಬಲಗಳಿಗೆ ಹಂಚಿ ಸಂಗೀತ, ಸಿಡಿತಗಳ ಜೊತೆಗೇ ಕಲಸಿಬಿಡುತ್ತಾರೆ, ಆಮೇಲೆ ಮಾತನ್ನು ಮಾತ್ರ ಏರಿಸುವ ದಾರಿಯೇ ಇರುವುದಿಲ್ಲ. ಆದ್ದರಿಂದ ಸೌಂಡ್‌ಬಾರನ್ನು ಭಾವನಿಗೆ ದಾಟಿಸಿ, ಪರಿಚಯದವರಿಂದ ಧ್ವನಿಯ ವಾಹಿನಿಗಳನ್ನು ಬಿಡಿಸಿ ಆಯಾ ಸ್ಪೀಕರಿಗೆ ಕಳಿಸುವ ಹಳೆಯ ಎವಿ ರಿಸೀವರ್ ಒಂದನ್ನೂ ಎಡ, ಬಲ, ನಡು ಎಂದು ಮೂರೇ ಸ್ಪೀಕರುಗಳನ್ನೂ ತಂದೆ. ಹಿಂದಿನವು ಆಮೇಲೆ ನೋಡೋಣವೆಂದು ಬಿಟ್ಟೆ. ಇಂದಿಗೂ ಅವುಗಳ ಕೊರತೆ ನನಗೆ ಕಂಡಿಲ್ಲ. ನಡುವಿನದನ್ನು ಉಳಿದವಕ್ಕಿಂತ 4 ಡೆಸಿಬೆಲ್ ಏರಿಸಿ, ರಾತ್ರಿಯ ಹೊತ್ತು ದೊಡ್ಡ ಸದ್ದನ್ನು ಇಳಿಸಿ ಸಣ್ಣದನ್ನು ಎತ್ತುವ ‘ನೈಟ್ ಮೋಡ್’ ಹಾಕಿಟ್ಟೆ. ಧ್ವನಿಯ ಶುದ್ಧತೆಯ ಪ್ರತಿಪಾದಕರು ಇದನ್ನು ಪಾಪವೆನ್ನಬಹುದು. ಮಳೆಗಾಲದ ಮನೆಯಲ್ಲಿ ಪಿಸುಮಾತಿಗೂ ಸ್ಫೋಟಕ್ಕೂ ಅಷ್ಟೊಂದು ಅಂತರ ಇಟ್ಟುಕೊಳ್ಳುವ ಐಶ್ವರ್ಯ ನಮಗಿಲ್ಲ.

ಆದರೂ ಏನೋ ಕೊರೆಯಿತ್ತು. ನಡುವಿನ ಸ್ಪೀಕರ್ ಟಿವಿಯ ಕೆಳಗಿನ ತಗ್ಗು ಮೇಜಿನ ಮೇಲೆ ಇತ್ತು. ಒಂದು ದಿನ ವಾರ್ತೆ ನಡೆಯುತ್ತಿರುವಾಗ ಏನೋ ಹೆಕ್ಕಲೆಂದು ನೆಲಕ್ಕೆ ಕುಕ್ಕರುಗಾಲಲ್ಲಿ ಕೂತೆ, ವಾರ್ತೆ ಓದುವವಳ ‘ಸ’, ‘ಶ’ ಥಟ್ಟನೆ ಬಿಚ್ಚಿಕೊಂಡವು. ಎದ್ದು ನಿಂತರೆ ಮತ್ತೆ ಮಂಕು. ಕೆಳಗಿನ ಕಂಪನಾಂಕಗಳು ಸುತ್ತಲೂ ಹರಡುತ್ತವೆ, ಮೇಲಿನವು ಟಾರ್ಚಿನ ಬೆಳಕಿನಂತೆ ಮೂತಿ ಇದ್ದ ಕಡೆಗೇ ಹೋಗುತ್ತವೆ. ನಮ್ಮ ಸ್ಪೀಕರ್ ಇಷ್ಟು ದಿನ ವ್ಯಂಜನಗಳನ್ನೆಲ್ಲ ನಮ್ಮ ಮೊಣಕಾಲಿಗೆ ಹೇಳುತ್ತಿತ್ತು. ಕೊಟ್ಟಿಗೆಯಿಂದ ಅಡಕೆ ದಬ್ಬೆಯ (ಸೀಳಿದ ಅಡಕೆ ಮರದ) ತುಂಡೊಂದನ್ನು ತಂದು, ಕತ್ತಿಯಲ್ಲಿ ಓರೆಯಾಗಿ ಕೆತ್ತಿ, ಸ್ಪೀಕರಿನ ಮುಂಭಾಗದ ಅಡಿಗೆ ಕೊಟ್ಟೆ. ಮೂತಿ ಅಮ್ಮನ ಮುಖಕ್ಕೆ ನೇರವಾಯಿತು. ಅವತ್ತಿನ ಧಾರಾವಾಹಿಯಲ್ಲಿ ಅಮ್ಮ ಒಂದೇ ಒಂದು ಸಲವೂ ‘ಎಂತ ಹೇಳ್ದ’ ಎನ್ನಲಿಲ್ಲ. ಬದಲಿಗೆ ಸೊಸೆ ಪಾತ್ರದವಳನ್ನು ಬಯ್ಯತೊಡಗಿದಳು. ಇಡೀ ಏರ್ಪಾಡಿನಲ್ಲಿ ಅತಿ ಹೆಚ್ಚು ಕೆಲಸ ಮಾಡಿದ ಸಾಮಾನು ಯಾವುದೆಂದು ಕೇಳಿದರೆ ನಾನು ಆ ದಬ್ಬೆಯ ತುಂಡನ್ನೇ ತೋರಿಸುತ್ತೇನೆ.

ಮಗನ ತಕರಾರು ಬೇರೆಯದಾಗಿತ್ತು. ಅವನು ಕಂಪ್ಯೂಟರಿನಲ್ಲಿ ಆಡುವ ಗುಂಡು ಹಾರಿಸುವ ಆಟದಲ್ಲಿ ಹೆಜ್ಜೆ ಸಪ್ಪಳ ಕೇಳಿದವನು ಉಳಿಯುತ್ತಾನೆ, ಕೇಳದವನು ಸಾಯುತ್ತಾನೆ. ಸಿನಿಮಾದ ಧ್ವನಿ ಮೊದಲೇ ಬೆರೆಸಿ ಮುಗಿಸಿದ ಅಡುಗೆ. ಆಟದ್ದು ಹಾಗಲ್ಲ, ಆಟಗಾರ ತಲೆ ತಿರುಗಿಸಿದಂತೆಲ್ಲ ಯಾವ ಸದ್ದು ಯಾವ ಕಿವಿಗೆ ಎಷ್ಟು ಎಂದು ಯಂತ್ರ ಆ ಕ್ಷಣಕ್ಕೇ ಲೆಕ್ಕ ಹಾಕುತ್ತದೆ. ಅಲ್ಲಿ ಸದ್ದು ಅಲಂಕಾರವಲ್ಲ, ಸುದ್ದಿ. ಅವನು ಬ್ಲೂಟೂತ್ ಇಯರ್‌ಫೋನ್ ಹಾಕಿಕೊಂಡು ಆಡುತ್ತಿದ್ದ, ಸೋತಾಗಲೆಲ್ಲ ‘ಅಪ್ಪಾ, ಟ್ರಿಗರ್ ಒತ್ತಿದ ಮೇಲೆ ಗುಂಡಿನ ಸದ್ದು ಬರ್ತದೆ’ ಎಂದು ದೂರುತ್ತಿದ್ದ. ಬ್ಲೂಟೂತ್‌ನಲ್ಲಿ ಸದ್ದನ್ನು ಕುಗ್ಗಿಸಿ, ಕಳಿಸಿ, ಬಿಡಿಸುವಷ್ಟರಲ್ಲಿ 100ರಿಂದ 200 ಮಿಲಿಸೆಕೆಂಡ್ ತಡವಾಗುವುದು ಸಾಮಾನ್ಯ. ಸೆಕೆಂಡಿಗೆ 60 ಚಿತ್ರ ಓಡುವ ಆಟದಲ್ಲಿ 200 ಮಿಲಿಸೆಕೆಂಡ್ ಎಂದರೆ ಹನ್ನೆರಡು ಚಿತ್ರ ದಾಟಿಹೋದಂತೆ.

ಅದೇ ಇಯರ್‌ಫೋನಿನಲ್ಲಿ ಸಿನಿಮಾ ನೋಡಿದರೆ ತೊಂದರೆ ಯಾಕಿಲ್ಲ ಎಂದು ಅವನು ಕೇಳಿದ. ಮುಂದೇನು ಬರುತ್ತದೆ ಎಂಬುದು ಸಿನಿಮಾ ಓಡಿಸುವ ಯಂತ್ರಕ್ಕೆ ಗೊತ್ತಿರುವುದರಿಂದ ಅದು ಚಿತ್ರವನ್ನೂ ಅಷ್ಟೇ ಹಿಡಿದು ನಿಲ್ಲಿಸಬಲ್ಲುದು; ಆಟದಲ್ಲಿ ಮುಂದಿನದು ಮಗನ ಬೆರಳಿನಲ್ಲಿದೆ, ಹಿಡಿದು ನಿಲ್ಲಿಸುವುದು ಯಾವುದನ್ನು? ಮೇಲಾಗಿ ಚಿತ್ರಕ್ಕಿಂತ ಸದ್ದು ಸ್ವಲ್ಪ ಹಿಂದೆ ಬೀಳುವುದನ್ನು ನಾವು ಸಹಿಸಿಕೊಳ್ಳುತ್ತೇವೆ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸಿನ ಪ್ರಕಾರ ಧ್ವನಿ 45 ಮಿಲಿಸೆಕೆಂಡ್ ಮುಂದೆ ಬಂದರೇ ನೋಡುಗರಿಗೆ ಗೊತ್ತಾಗುತ್ತದೆ, ಹಿಂದೆ ಬಿದ್ದರೆ ಗೊತ್ತಾಗಲು ಸುಮಾರು 125 ಬೇಕು. ಎದುರು ಗುಡ್ಡದಲ್ಲಿ ಮರ ಕಡಿಯುವವನ ಕೊಡಲಿ ಮೊದಲು ಕಾಣುತ್ತದೆ, ‘ಟಕ್’ ಎಂಬುದು ಆಮೇಲೆ ಬರುತ್ತದೆ. ಹುಟ್ಟಿದಾಗಿನಿಂದ ಆ ಕ್ರಮಕ್ಕೆ ನಮ್ಮ ತಲೆ ಒಗ್ಗಿದೆ.

ತಂತಿಯಿರುವ, ಕಿವಿ ಪೂರ್ತಿ ಮುಚ್ಚುವ ಸಾದಾ ಹೆಡ್‌ಫೋನ್ ತಂದುಕೊಟ್ಟೆ. ಮೊದಲ ದಿನ ಅವನಿಗೆ ಹಿತವೆನಿಸಲಿಲ್ಲ. ಸದ್ದೆಲ್ಲ ಬಾವಿಯೊಳಗಿನಿಂದ ಬಂದಂತೆ ಇದೆ ಎಂದ. ನೋಡಿದರೆ ಆಟದ ಒಳಗೂ ಮೂರು ಆಯಾಮದ ಧ್ವನಿಯ ಆಯ್ಕೆ ಹಾಕಿದ್ದ, ಕಂಪ್ಯೂಟರಿನಲ್ಲೂ ಅದೇ ಕೆಲಸ ಮಾಡುವ ‘7.1 ವರ್ಚುವಲ್ ಸರೌಂಡ್’ ಹಾಕಿದ್ದ. ಸದ್ದು ಎರಡು ಕಿವಿಗಳನ್ನು ತಲುಪುವ ಸಮಯದಲ್ಲಿ ಇರುವ ಅಂತರ, ಹೆಚ್ಚೆಂದರೆ 0.7 ಮಿಲಿಸೆಕೆಂಡಿನ ಆಸುಪಾಸು, ಅದರ ಜೊತೆಗೆ ತಲೆಯ ನೆರಳು, ಹೊರಗಿವಿಯ ಮಡಿಕೆಗಳು ಮಾಡುವ ಸಣ್ಣ ಬದಲಾವಣೆ, ಇವನ್ನು ನಂಬಿಯೇ ಮಿದುಳು ದಿಕ್ಕು ಹೇಳುತ್ತದೆ. ಒಮ್ಮೆ ಮಾಡಿದ ಆ ಸೂಕ್ಷ್ಮವನ್ನು ಇನ್ನೊಮ್ಮೆ ಮೇಲಿನಿಂದ ಬಳಿದರೆ ಎರಡೂ ಕೆಡುತ್ತವೆ. ಕಂಪ್ಯೂಟರಿನದನ್ನು ತೆಗೆಸಿದೆ. ಆಮೇಲೆ ನಾನೂ ಒಮ್ಮೆ ಹಾಕಿಕೊಂಡು ಆಟದೊಳಗಿನ ಕಾಡಿನಲ್ಲಿ ನಿಂತೆ: ಎಡ ಹಿಂಬದಿಯಲ್ಲಿ ಒಣ ಎಲೆ ಮುರಿದ ಸದ್ದಿಗೆ ನನ್ನ ಕುತ್ತಿಗೆ ತಾನಾಗಿ ತಿರುಗಿತು, ಅಲ್ಲಿ ಕಂಡದ್ದು ನಮ್ಮ ಕಪಾಟು.

ಒಂದು ವಿಷಯದಲ್ಲಿ ಮಾತ್ರ ಮಗನ ಜೊತೆ ಕಟ್ಟುನಿಟ್ಟು. ಹೊರಗೆ ಮಳೆ ಜೋರಾದಂತೆ ಕೈ ತಾನಾಗಿ ಸದ್ದು ಏರಿಸುತ್ತದೆ. ದೊಡ್ಡವರಿಗೆ ವಾರಕ್ಕೆ 40 ಗಂಟೆ 80 ಡೆಸಿಬೆಲ್, ಮಕ್ಕಳಿಗೆ 75 ಎಂಬುದು ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ, ಮತ್ತು ಪ್ರತಿ 3 ಡೆಸಿಬೆಲ್ ಏರಿಕೆಗೆ ಆ ಸಮಯ ಅರ್ಧವಾಗುತ್ತದೆ. ಕಿವಿ ಮುಚ್ಚುವ ಹೆಡ್‌ಫೋನ್ ತೆಗೆದುಕೊಂಡದ್ದೇ ಮಳೆಯನ್ನು ಹೊರಗಿಟ್ಟು ಸದ್ದನ್ನು ಕಡಿಮೆ ಇಡಲಿಕ್ಕೆ.

ಬಾಸ್‌ಗಾಗಿ ಕೊನೆಗೆ ಸಣ್ಣ ಸಬ್‌ವೂಫರ್ ಸೇರಿಸಿದೆ. ಹದಿನಾಲ್ಕು ಅಡಿ ಉದ್ದದ ಕೋಣೆಯಲ್ಲಿ ಸುಮಾರು 40 ಹರ್ಟ್ಸ್‌ನ ಅಲೆ ಎದುರುಬದುರು ಗೋಡೆಗಳ ನಡುವೆ ಸರಿಯಾಗಿ ಕೂತು ಬಿಡುತ್ತದೆ. ಮೂಲೆಯಲ್ಲಿ ಇಟ್ಟರೆ ಒಂದೇ ಸ್ವರ ಗುಂಯ್‌ಗುಡುತ್ತಿತ್ತು. ಸಬ್‌ವೂಫರನ್ನು ನಾವು ಕೂರುವ ಕುರ್ಚಿಯ ಮೇಲಿಟ್ಟು, ನಾನು ನೆಲದ ಮೇಲೆ ಅಂಬೆಗಾಲಿಟ್ಟು ಸುತ್ತಿ, ಬಾಸ್ ಸಮನಾಗಿ ಕೇಳಿದ ಜಾಗವನ್ನು ಹುಡುಕಿ ಅಲ್ಲಿ ಅದನ್ನು ಇಟ್ಟೆ. ಹೆಂಡತಿ ಇದನ್ನು ಇನ್ನೂ ಮರೆತಿಲ್ಲ.

ಇನ್ನು ಮಲೆನಾಡಿನದೇ ಆದ ಕಾಟಗಳು. ಅಗ್ಗದ ಇನ್‌ವರ್ಟರಿನ ಚೌಕಾಕಾರದ ಅಲೆ ಸ್ಪೀಕರಿನಲ್ಲಿ ಜೀರುಂಡೆಯಂತೆ ಕಿರಿಗುಟ್ಟುತ್ತಿತ್ತು, ಸೈನ್ ವೇವ್ ಇನ್‌ವರ್ಟರ್ ಬಂದ ಮೇಲೆ ನಿಂತಿತು. ಏಪ್ರಿಲ್‌ನ ಗುಡುಗಿನಲ್ಲಿ ಕರೆಂಟಿನ ಪ್ಲಗ್ ಕಿತ್ತಿದ್ದರೂ ಡಿಶ್‌ನ ಕೇಬಲ್ ಕೀಳಲು ಮರೆತು, ಚಿತ್ರ, ಧ್ವನಿ ಸಾಗಿಸುವ ತಂತಿ ಸಿಕ್ಕಿಸುವ ಎಚ್‌ಡಿಎಂಐ ಕಿಂಡಿಯೊಂದು ಸುಟ್ಟಿತು. ಈಗ ಮೊದಲು ಕೀಳುವುದು ಆ ಕೇಬಲ್ಲನ್ನೇ. ಹೋದ ದೀಪಾವಳಿಯ ಹೊತ್ತಿಗೆ ಬಲಗಡೆಯ ಸ್ಪೀಕರಿನ ಬಾಸ್ ಇದ್ದಕ್ಕಿದ್ದಂತೆ ಕುಗ್ಗಿತು. ಬಿಚ್ಚಿ, ತಂತಿ ತಪಾಸಣೆ ಮಾಡಿ, ಅರ್ಧ ದಿನ ಕಳೆದ ಮೇಲೆ ಬಾಸ್ ಹೊರಬರುವ ಹಿಂಬದಿಯ ಗಾಳಿ ಕೊಳವೆಗೆ ಟಾರ್ಚ್ ಹಾಕಿದರೆ ಕುಂಬಾರ ಹುಳವೊಂದು ಒಳಗೆ ಅಚ್ಚುಕಟ್ಟಾಗಿ ಮಣ್ಣಿನ ಗೂಡು ಕಟ್ಟಿ ಮುಗಿಸಿತ್ತು. ಕೊಳವೆಗೆ ಈಗ ಸೊಳ್ಳೆ ಪರದೆಯ ತುಂಡು ಕಟ್ಟಿದ್ದೇನೆ.

ಆಷಾಢದಲ್ಲಿ ಶೀಟು ಹರಿದುಹೋಗುವಂತೆ ಹೊಡೆಯುವ ಕೆಲವು ರಾತ್ರಿಗಳಲ್ಲಿ ಮಾತ್ರ ಇದ್ಯಾವುದೂ ನಡೆಯುವುದಿಲ್ಲ. ಆಗ ಪರದೆಯ ಕೆಳಗೆ ಅಕ್ಷರಗಳನ್ನು ಹಾಕಿಕೊಳ್ಳುತ್ತೇವೆ, ಅಮ್ಮ ಕನ್ನಡಕ ಹುಡುಕುತ್ತಾಳೆ.