ಹಸಿ ಊಟ ಶುರು ಮಾಡೋರಿಗಿ ಸಲಾಡ್: ಲೆಟ್ಯೂಸ್ ಬ್ಯಾಡ್ರಿ, ಪಚಡಿಯಿಂದ ಶುರು ಮಾಡ್ರಿ

ಯೂಟ್ಯೂಬ್‌ನಾಗ ರಾ ಫುಡ್ ಡಯಟ್ ಅಂತ ಹೊಡದ್ರ ಮೊದ್ಲ ಕಾಣೋದೇ ಲೆಟ್ಯೂಸ್, ಅವಕಾಡೊ, ಆಲಿವ್ ಆಯಿಲ್. ಅವು ಕಲಬುರಗಿದಾಗ ಸಿಗಂಗಿಲ್ಲ ಅಂತಲ್ರಿ, ಹುಡುಕಿದ್ರ ಸಿಗ್ತಾವ, ಆದ್ರ ರೇಟ್ ಕೇಳಿದ್ರ ಎದಿ ಧಸಕ್ ಅಂತದ, ಮತ್ತ ಮನಿಗಿ ತರೋದ್ರಾಗ ಬಿಸಿಲಿಗಿ ಬಾಡಿ ಹೋಗಿರ್ತಾವ, ನಾಕು ದಿನ ಮಾಡಿ ಬಿಟ್ಟೋರೇ ಜಾಸ್ತಿ. ನಮಗ ಅವುಗಳ ಗರಜೇ ಇಲ್ಲ. ಜ್ವಾಳದ ರೊಟ್ಟಿ ಗಂಗಾಳದ ಬಾಜೂಕ ಉಳ್ಳಾಗಡ್ಡಿ, ಮೂಲಂಗಿ, ಸೌತಿಕಾಯಿ, ಹಸಿ ಮೆಂತಿ ತಪ್ಪಲ, ಹಕ್ಕರಕಿ ಇಟ್ಕೊಂಡು ತಿನ್ನೋ ಮಂದಿ ನಾವು. ಬಾಜೂಕ ಇದ್ದದ್ದನ್ನ ಗಂಗಾಳದ ನಡುವಕ್ಕ ತರೋದಷ್ಟೇ ಬಾಕಿ ಉಳಿದದ.

ರಾ ಫುಡ್ ಮಾಡೋರ ಲೆಕ್ಕದಾಗ ಸುಮಾರು 42ರಿಂದ 48 ಡಿಗ್ರಿಗಿಂತ ಜಾಸ್ತಿ ಕಾಸಲಾರದ್ದೆಲ್ಲ ಹಸಿ. (ಮೇ ತಿಂಗಳದಾಗ ನಮ್ಮೂರ ಬಿಸಿಲೇ 44 ಮುಟ್ಟತದ, ಆ ಲೆಕ್ಕಕ್ಕ ತಳ್ಳೋಗಾಡಿ ಮ್ಯಾಲಿನ ಟೊಮ್ಯಾಟೊ ಹಸಿನೋ ಬೆಂದದ್ದೋ ಶರಣಬಸಪ್ಪಗೇ ಗೊತ್ತು.) ಹಸಿದು ತಿಂದ್ರ ಸಿ ವಿಟಮಿನ್ ಉಳೀತದ, ಬೇಯಿಸಿದ್ರ ಭಾಳಷ್ಟು ಹೋಗ್ತದ, ಇದು ಖರೇ. ಆದ್ರ ಬೇಯಿಸಿದ್ದೆಲ್ಲ ಕೆಟ್ಟದ್ದು ಅಂತ ವಿಡಿಯೋದಾಗ ಹೇಳ್ತಾರಲ್ಲ, ಅದು ಖರೇ ಅಲ್ಲ, ಟೊಮ್ಯಾಟೊದಾಗಿನ ಲೈಕೋಪಿನ್ ಅನ್ನೋ ಕೆಂಪು ಬಣ್ಣದ ಅಂಶ ಬೇಯಿಸಿದ್ರನೇ ಮೈಗಿ ಚೊಲೋ ಹತ್ತತದ. ಹಂಗಾಗಿ ನೂರಕ್ಕ ನೂರು ಹಸಿನೇ ತಿಂತೀನಿ ಅಂತ ಹಟ ಹಿಡೀಬ್ಯಾಡ್ರಿ. ಮೊದ್ಲ ವಾರ ಮಧ್ಯಾಹ್ನ ಒಂದು ಬಟ್ಟಲ ಸಲಾಡ್, ಅದ್ರ ಮ್ಯಾಲ ದಿನಾ ಉಣ್ಣೋಷ್ಟೇ ರೊಟ್ಟಿ, ಮುಂದಿನ ವಾರ ಬಟ್ಟಲ ದೊಡ್ಡದು ಮಾಡಿ ರೊಟ್ಟಿ ಒಂದು ಕಡಿಮಿ ಮಾಡ್ರಿ, ಹಿಂಗ ಸಾವಕಾಶ. ಒಮ್ಮಿಗೇ ಎಲ್ಲಾ ಬಿಟ್ರ ಹೊಟ್ಟಿ ಉಬ್ಬತದ, ಗ್ಯಾಸ್ ಆಗ್ತದ, ಅಷ್ಟು ನಾರು ಹೊಟ್ಟಿಗಿ ರೂಢಿ ಆಗಾಕ ಟೈಮ್ ಬೇಕು.

ಸಲಾಡ್ ಅಂದ್ರ ಹೆಚ್ಚೋದು ಕಲಿಯೋದು ಅಂತ ತಿಳ್ಕೊಂಡಿರ್ತಾರ, ಖರೇ ಅಂದ್ರ ಮೊದ್ಲ ತೊಳಿಯೋದು ಕಲೀಬೇಕು. ಬೇಯಿಸೋ ಪಲ್ಯಾ ಜರಾ ಹೊಲಸು ಇದ್ರೂ ಬೆಂಕಿ ಕಾಯ್ತದ, ಇಲ್ಲಿ ಬೆಂಕಿ ಇಲ್ಲ. ತೊಳೀಲಾರದ ತಪ್ಪಲ, ಕ್ಯಾಬೀಜಿನ ಮ್ಯಾಲ ಲಾಡಿಹುಳದ ತತ್ತಿ ಇದ್ರ ಅದು ಹೊಟ್ಟಿಗಿ ಹೋಗಿ, ಅದ್ರ ಮರಿ ಮೆದುಳಿನ ತನಕಾ ಮುಟ್ಟಿ ಫಿಟ್ಸ್ ಬರೋದೂ ಉಂಟು. ಮಾರ್ಕೆಟ್‌ಗೆ ಮುಂಜಾನಿ ಹೋಗ್ರಿ, ಕಣ್ಣಿ ಮಾರ್ಕೆಟ್‌ದಾಗ ಹಳ್ಳಿಯಿಂದ ಬಂದ ಸೂಡು ಇನ್ನ ಬಾಡಿರಂಗಿಲ್ಲ, ಮಧ್ಯಾಹ್ನಕ್ಕ ಹೋದ್ರ ನೀರು ಚಿಮಕಿಸಿ ಚಿಮಕಿಸಿ ಇಟ್ಟಿರ್ತಾರ, ಆ ನೀರು ಎಲ್ಲಿದು ಅಂತ ನೀವೂ ಕೇಳಂಗಿಲ್ಲ, ಅವರೂ ಹೇಳಂಗಿಲ್ಲ. ಮನಿಗಿ ತಂದ ಮ್ಯಾಲ ಬೇರು ಕಡದು, ಕೊಳತದ್ದು ಆರಿಸಿ ತಗದು, ದೊಡ್ಡ ಬೋಗಾಣಿ ತುಂಬ ನೀರಿಟ್ಟು ತಪ್ಪಲ ಅದ್ರಾಗ ಮುಳುಗಿಸಿ ಅಲ್ಲಾಡಿಸ್ರಿ, ಆಮ್ಯಾಲ ತಪ್ಪಲ ಕೈಲಿಂದ ಮ್ಯಾಲ ಎತ್ತಿ ತಗೀರಿ. ನೀರು ಬಗ್ಗಿಸಬ್ಯಾಡ್ರಿ, ಬಗ್ಗಿಸಿದ್ರ ತಳಕ್ಕ ಕುಂತ ಕರಿ ಮಣ್ಣು ಮತ್ತ ಎಲಿ ಮ್ಯಾಲೇ ಬಂದು ಕೂಡ್ತದ. ಮೂರು ಸಲ ಹಿಂಗ ಮಾಡಿ, ಕಡೀಕ ಕುಡಿಯೋ ನೀರಿಲೆ ಒಮ್ಮಿ. ಹಕ್ಕರಕಿ ಆದ್ರ ನಾಕು ಸಲ, ಅದು ನೆಲಕ್ಕ ಹತ್ಕೊಂಡು ಬೆಳಿಯೋದು. ಉಪ್ಪು ಅರಿಶಿಣದ ನೀರಾಗ ನೆನಿಸೋರು ನೆನಸ್ರಿ, ಎಲಿ ಸಂದಿಯೊಳಗಿನ ಸಣ್ಣ ಹುಳ ಹೊರಗ ಬರ್ತಾವ, ಆದ್ರ ಅದ್ರಿಂದ ಎಲ್ಲಾ ಕ್ರಿಮಿ ಸಾಯ್ತಾವ ಅಂತ ನಂಬಿ ನಳದ ಕೆಳಗ ತಿಕ್ಕಿ ತೊಳಿಯೋದು ಬಿಡಬ್ಯಾಡ್ರಿ. ಕ್ಯಾಬೀಜಿನ ಮ್ಯಾಲಿನ ಎರಡು ಮೂರು ಎಲಿ ತಗದು ಒಗೀರಿ. ತೊಳದ ಮ್ಯಾಲ ಅರಬಿ ಮ್ಯಾಲ ಹರವಿ ನೀರು ಆರಿಸ್ರಿ, ಹಸಿ ನೀರು ಉಳದ್ರ ಉಪ್ಪು ಖಾರ ಏನೂ ಎಲಿಗಿ ಹಿಡಿಯಂಗಿಲ್ಲ.

ಇನ್ನ ಹೊಟ್ಟಿ ತುಂಬೋ ಮಾತು. ಬರೀ ಸೌತಿಕಾಯಿ ಟೊಮ್ಯಾಟೊ ಹೆಚ್ಚಿ ಊಟ ಅಂತ ತಿಂದ್ರ ನಾಕು ಗಂಟೆಕ್ಕ ಮಿರ್ಚಿ ಭಜಿ ಬಂಡಿ ಮುಂದ ನಿಂತಿರ್ತೀರಿ, ಬರದು ಇಟ್ಕೊಳ್ರಿ. ಬಟ್ಟಲದಾಗ ಕಾಳು ಇರಬೇಕು, ಎಣ್ಣಿ ಕಾಳು ಇರಬೇಕು. ಹೊಸಬ್ರಿಗಿ ಎಲ್ಲಾದಕ್ಕಿಂತ ಸಸಾರ ಅಂದ್ರ ಹೆಸರುಬ್ಯಾಳಿ, ಕೋಸಂಬರಿಗಿ ನೆನಿಸಿದಂಗ ಒಂದೆರಡು ತಾಸು ನೆನಿಸಿ ನೀರು ಬಸದ್ರ ಮುಗೀತು. ಮೊಳಕಿ ಬೇಕಂದ್ರ ಹೆಸರು ಇಲ್ಲಾ ಮಡಕಿ ಕಾಳು, ರಾತ್ರಿಗಿ ಕುಡಿಯೋ ನೀರಾಗ ನೆನಿ ಹಾಕಿ ಮುಂಜಾನಿ ಬಸದು, ತೊಳದು, ತೆಳ್ಳಗಿನ ಬಿಳಿ ಅರಬಿದಾಗ ಕಟ್ಟಿ ಇಡ್ರಿ. ನಮ್ಮ ಬ್ಯಾಸಿಗಿದಾಗ ಸಂಜಿಗೇ ಮೊಳಕಿ ಮೂಗು ಹೊರಗ ಹಾಕಿರ್ತದ, ಡಿಸೆಂಬರ್ ಥಂಡಿದಾಗ ಇನ್ನೊಂದು ದಿನ ಹಿಡೀತದ. ಮೊಳಕಿ ಬರೋ ಬೆಚ್ಚಗಿನ ಹಸಿ ಜಾಗಾನೇ ಕೆಟ್ಟ ಬ್ಯಾಕ್ಟೀರಿಯಾಕ್ಕೂ ಹಬ್ಬ, ಅದಕ್ಕ ಕಟ್ಟಿದ ಗಂಟು ಮಧ್ಯದಾಗ ಒಮ್ಮಿ ಬಿಚ್ಚಿ ತೊಳೀಬೇಕು, ಮೊಳಕಿ ಬಂದ ಕೂಡ್ಲೇ ಫ್ರಿಡ್ಜಿಗಿ, ಎರಡು ದಿನದೊಳಗ ಖಾಲಿ. ಕೈಗಿ ಲೋಳಿ ಹತ್ತಿದ್ರ ಇಲ್ಲಾ ಹುಳಿ ವಾಸನಿ ಬಂದ್ರ ತೊಳದು ನೋಡೋಣು ಅನ್ಬ್ಯಾಡ್ರಿ, ಒಗದುಬಿಡ್ರಿ. ಬಸುರಿ ಹೆಣ್ಮಕ್ಕಳು, ಸಣ್ಣ ಕೂಸು, ವಯಸ್ಸಾದೋರಿಗಿ ಹಸಿ ಮೊಳಕಿ ಕೊಡಲೇಬ್ಯಾಡ್ರಿ, ಅವರ ಪಾಲಿಂದು ಬ್ಯಾರೇ ತಗದು ಚೆಂದಂಗ ಬೇಯಿಸಿ ಕೊಡ್ರಿ, ರಾ ಫುಡ್ ರೂಲ್ ಮುರೀತು ಅಂತ ಯಾರೂ ಕೇಸ್ ಹಾಕಂಗಿಲ್ಲ.

ಈಗ ಪಚಡಿ. ಒಬ್ಬರಿಗಿ ಒಂದು ಸೌತಿಕಾಯಿ, ಒಂದು ಗಜ್ಜರಿ, ಅರ್ಧ ಮೂಲಂಗಿ, ಒಂದು ಸಣ್ಣ ಉಳ್ಳಾಗಡ್ಡಿ, ಒಂದು ಟೊಮ್ಯಾಟೊ, ಎರಡು ಮುಟಗಿ ಮೆಂತಿ ಇಲ್ಲಾ ಹಕ್ಕರಕಿ, ಅರ್ಧ ಬಟ್ಟಲ ನೆನಿಸಿದ ಹೆಸರುಬ್ಯಾಳಿ, ಒಂದು ಮುಟಗಿ ಶೇಂಗಾ (ನಾಕೈದು ತಾಸು ನೆನಿಸಿದ್ದು, ಕರುಂ ಕುರುಂ ಅಂತಾವ). ಸೌತಿಕಾಯಿ ತುದಿ ಕಡದು ಮೊದ್ಲ ನಾಲಿಗಿಗಿ ಹಚ್ಚಿ ನೋಡ್ರಿ, ಕಹಿ ವಿಷ ಇದ್ರ ಬಿಡ್ರಿ. ಉಳ್ಳಾಗಡ್ಡಿ ತೆಳ್ಳಗ ಹೆಚ್ಚಿ ತಣ್ಣೀರಾಗ ಐದು ನಿಮಿಷ ಬಿಟ್ರ ಘಾಟು ಇಳೀತದ, ಮಧ್ಯಾಹ್ನ ಮೀಟಿಂಗ್ ಇದ್ದೋರು ಇದನ್ನ ಮರೀಬ್ಯಾಡ್ರಿ. ಒಂದು ಹಸಿ ಮೆಣಸಿನಕಾಯಿ, ಒಂದು ಎಸಳು ಬಳ್ಳೊಳ್ಳಿ, ಜರಾ ಜೀರಗಿ ಕಲ್ಲಾಗ ಕುಟ್ಟಿ, ಅದಕ್ಕ ಅರ್ಧ ಲಿಂಬಿಹಣ್ಣು ಹಿಂಡಿ, ಒಂದು ಚಮಚ ಕುಸುಬಿ ಎಣ್ಣಿ ಇಲ್ಲಾ ಗಾಣದ ಶೇಂಗಾ ಎಣ್ಣಿ ಹಾಕಿ ಕಲಸ್ರಿ, ಇದೇ ನಿಮ್ಮ ಡ್ರೆಸ್ಸಿಂಗ್. ಮೊದ್ಲ ಗಟ್ಟಿ ಇದ್ದದ್ದು, ಅಂದ್ರ ಗಜ್ಜರಿ, ಮೂಲಂಗಿ, ಬ್ಯಾಳಿ, ಶೇಂಗಾ ಇದ್ರಾಗ ಕಲಸಿ ಹತ್ತು ನಿಮಿಷ ಬಿಡ್ರಿ, ಹುಳಿ ಒಳಗ ಇಳಿಲಿ, ಆಮ್ಯಾಲ ಸೌತಿಕಾಯಿ, ಟೊಮ್ಯಾಟೊ, ಉಳ್ಳಾಗಡ್ಡಿ, ಕಡೀಕ ತಪ್ಪಲ ಕೈಲೇ ಹರದು ಹಾಕ್ರಿ, ಉಪ್ಪು ಮಾತ್ರ ಬಾಯಿಗಿ ಹಾಕೋ ಮುಂದ. ಉಪ್ಪು ಬಿದ್ದ ಕೂಡ್ಲೇ ಸೌತಿಕಾಯಿ ತನ್ನ ನೀರೆಲ್ಲ ಬಿಡ್ತದ, ಅರ್ಧ ತಾಸಿಗಿ ಪಚಡಿ ಹೋಗಿ ಸಾರು ಆಗಿರ್ತದ. ವಗ್ಗರಣಿ ಬ್ಯಾಡ. ಮೆಂತಿ ಕಹಿ ಆತು ಅನ್ನೋರು ಹಸಿ ಕೊಬ್ರಿ ತುರದು ಹಾಕ್ರಿ, ಇಲ್ಲಾ ಪೇರಲ ಹಣ್ಣಿನ ನಾಕು ಹೋಳು. ಲಿಂಬಿಹಣ್ಣು ತುಟ್ಟಿ ಆದಾಗ ಎಳೀ ಪುಂಡಿ ಎಲಿ ಐದಾರು ಸಣ್ಣಗ ಹೆಚ್ಚಿ ಹಾಕಿದ್ರ ಹುಳಿ ಬರ್ತದ, ಇದು ನನಗ ಲಿಂಬಿಗಿಂತ ಛಲೋ ಅನಸ್ತದ.

ಎಣ್ಣಿ ಬಿಟ್ರ ತೂಕ ಇಳೀತದ ಅಂತ ಕೆಲವರು ಒಂದು ಹನಿನೂ ಹಾಕಂಗಿಲ್ಲ. ಗಜ್ಜರಿ, ತಪ್ಪಲದಾಗಿನ ಬೀಟಾ ಕ್ಯಾರೋಟಿನ್ (ಮೈಯಾಗ ಎ ವಿಟಮಿನ್ ಆಗೋ ಅಂಶ) ಮೈಗಿ ಹತ್ತಬೇಕಂದ್ರ ಜರಾ ಕೊಬ್ಬು ಬೇಕೇಬೇಕು, ಅದಕ್ಕ ಎಣ್ಣಿ ಬ್ಯಾಡಾದ್ರ ಶೇಂಗಾ, ಎಳ್ಳು, ಅಗಸಿ, ಗುರೆಳ್ಳು ಯಾವುದಾದ್ರೂ ಹಾಕ್ರಿ. ಅಗಸಿ ಇಡೀದು ತಿಂದ್ರ ಹೆಂಗ ಹೋತೋ ಹಂಗೇ ಹೊರಗ ಬರ್ತದ, ಕುಟ್ಟಿ ಪುಡಿ ಮಾಡ್ರಿ, ಮತ್ತ ಹಸಿ ಪುಡಿ ಭಾಳ ದಿನ ಇಟ್ರ ಕಮಟು ವಾಸನಿ ಬರ್ತದ, ಮೂರು ನಾಕು ದಿನಕ್ಕಾಗೋಷ್ಟೇ ಕುಟ್ರಿ. ಹುರದ ಶೇಂಗಾ ಹಿಂಡಿ ಕಟ್ಟುನಿಟ್ಟಾಗಿ ನೋಡಿದ್ರ ಹಸಿ ಅಲ್ಲ, ಆದ್ರ ಶುರುವಿಗಿ ಅದು ಇಲ್ಲದೆ ಹಕ್ಕರಕಿ ಇಳಿಯಂಗಿಲ್ಲ ಅಂದ್ರ ಹಾಕ್ಕೊಂಡು ತಿನ್ರಿ. ಶೇಂಗಾದಾಗ ಕಪ್ಪಾದದ್ದು, ಬೂಸ್ಟು ಹಿಡದದ್ದು ಮಾತ್ರ ಒಂದೂ ಬ್ಯಾಡ, ಅದ್ರಾಗಿನ ಅಫ್ಲಾಟಾಕ್ಸಿನ್ ಅನ್ನೋ ಬೂಸ್ಟಿನ ವಿಷ ಹುರದ್ರೂ ಪೂರ್ತಿ ಹೋಗಂಗಿಲ್ಲ.

ಥಂಡಿ ದಿನದಾಗ ಈ ಡಯಟ್ ಶುರು ಮಾಡೋರೇ ಪುಣ್ಯವಂತರು. ಎಳ್ಳ ಅಮಾಸಿ ಆಜುಬಾಜು ಹೊಲದಾಗ ಎಲ್ಲಾ ಎಳೀದು, ಕಡ್ಲಿ ಸುಲಗಾಯಿ, ಗಜ್ಜರಿ, ಉಳ್ಳಾಗಡ್ಡಿ ತಪ್ಪಲ, ಬಾರಿಹಣ್ಣು. ಅವತ್ತು ಬಜ್ಜಿಗಿ (ಕಾಳು, ತಪ್ಪಲ ಎಲ್ಲಾ ಕೂಡಿಸಿ ಬೇಯಿಸೋ ಪಲ್ಯಾ) ಅಂತ ತಂದದ್ರಾಗ ಒಂದು ಪಾಲು ಬೇಯಿಸೋಕಿಂತ ಮೊದ್ಲ ತಗದು ಇಡ್ರಿ, ಹಸಿ ಕಡ್ಲಿ ಕಾಳು, ಉಳ್ಳಾಗಡ್ಡಿ ತಪ್ಪಲ, ಲಿಂಬಿ, ಹಸಿ ಖಾರ ಸಾಕು. ಬ್ಯಾಸಿಗಿಗಿ ಕಲ್ಲಂಗಡಿ, ಸೌತಿಕಾಯಿ, ತುರದ ಮಾವಿನಕಾಯಿ. ಮಳಿಗಾಲದಾಗ ತಪ್ಪಲ ಕಡಿಮಿ ಮಾಡಿ ಸಿಪ್ಪಿ ತಗಿಯೋ ಕಾಯಿ ಜಾಸ್ತಿ ಮಾಡ್ರಿ, ಆಗ ರಾಡಿ ಭಾಳ. ಬೀಟ್‌ರೂಟ್ ತಿಂದ ಮರುದಿನ ಬಾತ್‌ರೂಮಿನಾಗ ಕೆಂಪು ಕಂಡ್ರ ಗಾಬರಿ ಆಗಬ್ಯಾಡ್ರಿ.

ಹಸಿ ತಿನ್ನಬಾರದವೂ ಅವ. ರಾಜ್ಮಾ ಹಸಿದು ನೆನಿಸಿ ತಿಂದ್ರೂ, ಮೊಳಕಿ ಬರಿಸಿ ತಿಂದ್ರೂ ವಾಂತಿ ಭೇದಿ ಗ್ಯಾರಂಟಿ, ಅದ್ರಾಗಿನ ಲೆಕ್ಟಿನ್ ಅನ್ನೋ ವಿಷದಂಥ ಪ್ರೋಟೀನ್ ಚೊಲೋತ್ನಾಗ ಕುದಿಸಿದ್ರಷ್ಟೇ ಸಾಯ್ತದ. ಆಲೂಗಡ್ಡಿ, ಅದ್ರಾಗೂ ಹಸಿರು ಆದದ್ದು, ಬ್ಯಾಡ. ಕಹಿ ಸೋರೆಕಾಯಿ ಜ್ಯೂಸ್ ಔಷಧಿ ಅಂತ ಕಣ್ಮುಚ್ಚಿ ಕುಡಿಯೋರು ಇದ್ದಾರ, ಆ ಕಹಿನೇ ವಿಷ, ರಕ್ತ ವಾಂತಿ ಆಗಿ ಜೀವಕ್ಕೂ ಬರಬಹುದು. ಮತ್ತ ತೊಗರಿಬ್ಯಾಳಿ, 2019ರಾಗ ಜಿಐ ಟ್ಯಾಗ್ ಬಂದ ನಮ್ಮ ಕಲಬುರಗಿ ತೊಗರಿಬ್ಯಾಳಿನೇ ಆಗ್ಲಿ, ಅದನ್ನ ಹೆಸರುಬ್ಯಾಳಿಯಂಗ ನೆನಿಸಿ ಹಸಿ ತಿನ್ನೋದು ಅಲ್ಲ, ಅದು ಕುದ್ದು ಸಾರಾಗಾಕೇ ಹುಟ್ಟಿದ್ದು.

ಶುಗರ್ ಗುಳಿಗಿ, ಇನ್ಸುಲಿನ್ ತೊಗೊಳೋರು ರೊಟ್ಟಿ ಅನ್ನ ಕಡಿಮಿ ಮಾಡೋಕಿಂತ ಮೊದ್ಲ ಡಾಕ್ಟರಿಗಿ ಹೇಳ್ರಿ, ಗುಳಿಗಿ ಅಷ್ಟೇ ಇದ್ದು ಊಟ ಇಳದ್ರ ಶುಗರ್ ಧಡ್ ಅಂತ ಕೆಳಗ ಬೀಳ್ತದ. ಕಿಡ್ನಿ ತೊಂದ್ರಿ ಇದ್ದೋರಿಗಿ ಇಷ್ಟು ಹಸಿ ಕಾಯಿಪಲ್ಯದಾಗಿನ ಪೊಟ್ಯಾಸಿಯಂ ಜಾಸ್ತಿ ಆಗಬಹುದು, ಕಲ್ಲು ಆದೋರು ಪಾಲಕ್ ದೂರ ಇಡ್ರಿ, ವಾರ್ಫರಿನ್ (ರಕ್ತ ಹೆಪ್ಪುಗಟ್ಟಲಾರದಂಗ ಕೊಡೋ ಗುಳಿಗಿ) ತೊಗೊಳೋರೂ ತಪ್ಪಲ ಒಮ್ಮಿಗೇ ಜಾಸ್ತಿ ಮಾಡಬ್ಯಾಡ್ರಿ, ಕೇಳಿ ಮಾಡ್ರಿ. ಹಾಲು ಮೊಸರೂ ಬಿಟ್ಟು ಪೂರ್ತಿ ಹಸಿಗಿ ಹೋಗೋರು ಬಿ12 ಟೆಸ್ಟ್ ಮಾಡಿಸ್ಕೊಂಡೇ ಹೋಗ್ರಿ, ತಪ್ಪಲದಾಗ ಅದು ಸಿಗಂಗಿಲ್ಲ, ಗುಳಿಗಿನೇ ಬೇಕಾಗ್ತದ.

ಮನ್ಯಾಗ ಅತ್ತಿನೋ ಅವ್ವನೋ "ಏನಿದು, ದನದ ಮೇವು ತಿಂದಂಗ" ಅಂದೇ ಅಂತಾರ, ಅದಕ್ಕ ವಾದ ಮಾಡಬ್ಯಾಡ್ರಿ, ಅವರ ಗಂಗಾಳಕ್ಕೂ ರೊಟ್ಟಿ ಬಾಜೂಕ ಎರಡು ಚಮಚ ಹಾಕ್ರಿ, ಹಕ್ಕರಕಿ ಪಚಡಿ ಅಂದ್ರ ಅವರೇ ಇನ್ನೊಮ್ಮಿ ಕೇಳ್ತಾರ. ಆಫೀಸಿಗಿ ಡಬ್ಬಿ ಒಯ್ಯೋರು ಹೆಚ್ಚಿದ್ದು ಒಂದು ಡಬ್ಬಿ, ಕುಟ್ಟಿದ ಖಾರ ಎಣ್ಣಿ ಒಂದು ಸಣ್ಣ ಡಬ್ಬಿ, ಉಪ್ಪು ಕಾಗದದ ಪುಡಿಕಿದಾಗ, ಲಿಂಬಿಹಣ್ಣು ಇಡೀದು, ಹಿಂಗ ಬ್ಯಾರೆ ಬ್ಯಾರೆ ಒಯ್ದು ಉಣ್ಣೋ ಮುಂದ ಕಲಸ್ರಿ. ಏಪ್ರಿಲ್ ಮೇದಾಗ ಮಾತ್ರ ಮುಂಜಾನಿ ಕಟ್ಟಿದ ಮೊಳಕಿ, ನೆನಿಸಿದ ಬ್ಯಾಳಿ ಮಧ್ಯಾಹ್ನದ ತನಕಾ ತಡಿಯಂಗಿಲ್ಲ, ಆಫೀಸಿನಾಗ ಫ್ರಿಡ್ಜ್ ಇಲ್ಲ ಅಂದ್ರ ಅವನ್ನ ಮನ್ಯಾಗೇ ಬಿಟ್ಟು ಶೇಂಗಾ ಒಣದೇ ಒಯ್ರಿ, ಸೌತಿಕಾಯಿ ಗಜ್ಜರಿ ಹೆಚ್ಚಲಾರದೇ ಇಡೀದೇ ಒಯ್ದು, ಅಲ್ಲೇ ಒಂದು ಚಾಕು ಇಟ್ಕೊಂಡು ಹೆಚ್ಕೊಳ್ರಿ.