ಬಾಯ್ಲರ್ ಮೊದ್ಲು, ಬೋಟ್ ಆಮೇಲೆ: ಮನೇಲೇ ಉಗಿ ಬೋಟ್ ಮಾಡೋದು ಹಿಂಗೆ

ದುಗ್ಗಮ್ಮನ ಜಾತ್ರೇಲಿ ತಗಡಿನ ಪಟಪಟ ಬೋಟ್ ಸಿಗ್ತಿತ್ತಲ್ಲ, ಒಳಗೊಂದ್ ಸಣ್ಣ ಎಣ್ಣೆ ಬತ್ತಿ ಹಚ್ಚಿಟ್ರೆ ಟಬ್ಬಲ್ಲಿ ಸದ್ದು ಮಾಡ್ಕೊಂಡು ಸುತ್ತು ಹೊಡಿಯೋದು, ನಾನಿಲ್ಲಿ ಹೇಳ್ತಿರೋದು ಅದಲ್ಲ. ಅದ್ರಲ್ಲಿ ಪಿಸ್ಟನ್ನೇ ಇಲ್ಲ. ಇದು ನಿಜವಾದ ಬಾಯ್ಲರ್, ಸಿಲಿಂಡರ್, ಫ್ಲೈವೀಲ್, ಹಿಂದೆ ನೀರು ತಳ್ಳೋ ಫ್ಯಾನ್ ಇರೋ 60 ಸೆಂಟಿಮೀಟರ್ ಉದ್ದದ ಬೋಟು. ದಾವಣಗೆರೇಲೇ ಕೂತು ಮಾಡಬಹುದು, ಯಾವ ಕಿಟ್ಟೂ ತರಿಸ್ಬೇಕಿಲ್ಲ. ಬೇಕಾಗಿರೋದು ಒಬ್ಬ ಲೇತಿನವರು, ಒಬ್ಬ ಎಸಿ ಮೆಕ್ಯಾನಿಕ್ಕು, ಒಂದ್ ಗುಜರಿ ಅಂಗಡಿ, ಮತ್ತೆ ತಾಳ್ಮೆ.

ಎಲ್ರೂ ಮೊದ್ಲು ಬೋಟ್ ಮಾಡ್ತಾರೆ, ಬಣ್ಣ ಹೊಡೀತಾರೆ, ಆಮೇಲೆ ಬಾಯ್ಲರ್ ಅದ್ರಲ್ಲಿ ಹಿಡಿಯಲ್ಲ. ಉಲ್ಟಾ ಮಾಡ್ರಿ. ಬಾಯ್ಲರ್, ಇಂಜಿನ್, ಕೊನೇಗೆ ಬೋಟು.

ಬಾಯ್ಲರ್ ಅಂದ ತಕ್ಷಣ ಹೆದರಬೇಡ್ರಿ, ಆದ್ರೆ ಸಲೀಸಾಗೂ ತಗೋಬೇಡ್ರಿ. ಮನೆ ಕುಕ್ಕರ್ ಸೀಟಿ ಹೊಡಿಯೋದು ಹೆಚ್ಚುಕಮ್ಮಿ 1 ಕೆಜಿ ಪ್ರೆಶರಿಗೆ, ಗೇಜಿನ ಕೆಜಿ, ಅಂದ್ರೆ ಒಂದ್ ಚದರ ಸೆಂಟಿಮೀಟರಿಗೆ ಒಂದ್ ಕೆಜಿ. ನಮ್ ಇಂಜಿನ್ನೂ ಅಷ್ಟಕ್ಕೇ ಓಡುತ್ತೆ, ಸೇಫ್ಟಿ ವಾಲ್ವ್ 2 ಕೆಜಿಗೆ ತೆರ್ಕೊಂಡು ಉಗಿ ಹೊರಗೆ ಬಿಡಬೇಕು. ಸರ್ಕಾರದ ಬಾಯ್ಲರ್ ಕಾಯ್ದೆ 25 ಲೀಟರಿಗಿಂತ ಚಿಕ್ಕದಕ್ಕೆ ಅನ್ವಯಿಸಲ್ಲ, ನಮ್ದು 100 ಎಂಎಲ್ ಚಿಲ್ಲರೆ. ಹಂಗಂತ ಖುಷಿ ಪಡಬೇಡ್ರಿ, ಚೆಕ್ ಮಾಡೋಕೆ ಯಾರೂ ಬರಲ್ಲ ಅಂದ್ರೆ ಇನ್‌ಸ್ಪೆಕ್ಟರ್ ಕೆಲ್ಸಾನೂ ನಮ್ದೇ ಅಂತ ಅರ್ಥ.

41 ಮಿಮೀ ಹೊರ ಅಳತೆ, 1 ಮಿಮೀ ದಪ್ಪದ ತಾಮ್ರದ ಪೈಪು 90 ಮಿಮೀ ಕತ್ತರಿಸ್ಕೊಳ್ರಿ. ದೊಡ್ಡ ಎಸಿ ಲೈನಲ್ಲಿ ಈ ಸೈಜ್ ಬರುತ್ತೆ, ಗುಜರೀಲಿ ತುಂಡು ಸಿಗುತ್ತೆ, ಆದ್ರೆ ತಗ್ಗು ಬಿದ್ದಿರೋದು, ಹಸಿರು ಹಿಡಿದು ತಿಂದಿರೋದು ಬೇಡ. ಪೈಪ್ ಗಟ್ಟಿನೇ ಇರುತ್ತೆ, ಕೈಕೊಡೋದು ಎರಡು ತುದಿ ಮುಚ್ಚಳ. ಲೆಕ್ಕ ಹಾಕ್ರಿ: ಒಳಗಿನ ಅಳತೆ 39 ಮಿಮೀ, ಅಂದ್ರೆ ಮುಚ್ಚಳದ ಏರಿಯಾ ಸುಮಾರು 12 ಚದರ ಸೆಂಟಿಮೀಟರ್, 2 ಕೆಜಿ ಪ್ರೆಶರಲ್ಲಿ ಅದನ್ನ 24 ಕೆಜಿ ಹೊರಗೆ ತಳ್ಳುತ್ತೆ. ಅರ್ಧ ಮೂಟೆ ಸಿಮೆಂಟ್ ಅದರ ಮೇಲೆ ಕೂತಂಗೆ. ಅದಕ್ಕೆ ಮುಚ್ಚಳ 1.5 ಮಿಮೀ ತಾಮ್ರದ ಶೀಟಲ್ಲಿ, ಅಂಚು ಮಡಚಿ ತಟ್ಟೆ ತರ ಮಾಡಬೇಕು. ತಾಮ್ರನ ಕೆಂಪಗೆ ಕಾಯಿಸಿ ನೀರಿಗೆ ಹಾಕಿದ್ರೆ ಮೆತ್ತಗಾಗುತ್ತೆ, ಉಕ್ಕಿನ ತರ ಗಟ್ಟಿ ಆಗಲ್ಲ, ಆಮೇಲೆ ಮರದ ಅಚ್ಚಿನ ಮೇಲಿಟ್ಟು ಸುತ್ತ ಸುತ್ತ ಮೆಲ್ಲಗೆ ಬಡೀರಿ, ಬಡಿಯೋವಾಗ ಗಟ್ಟಿ ಅನ್ಸಿದ್ರೆ ಮತ್ತೆ ಕಾಯಿಸ್ರಿ. ಎರಡೂ ಮುಚ್ಚಳದ ನಡುವೆ ಒಂದು ತಾಮ್ರದ ಸಲಾಕೆ ಆರ್‌ಪಾರ್ ಹೋಗಿ ಎರಡೂ ಕಡೆ ಬೆಸುಗೆ ಆಗ್ಬೇಕು. ಅರ್ಥಿಂಗಿಗೆ ಹಾಕೋ 8 ನಂಬರ್ ತಾಮ್ರದ ತಂತಿ ಸರಿಯಾಗಿ 4 ಮಿಮೀ ಇರುತ್ತೆ, ಅದೇ ಸಾಕು.

ಬೆಸುಗೆ ವಿಷಯಕ್ಕೆ ಬರ್ತೀನಿ, ಇಲ್ಲೇ ನಾನು ಮೊದ್ಲು ಕೆಟ್ಟಿದ್ದು. ರೇಡಿಯೋ ರಿಪೇರಿಗೆ ಬಳಸೋ ಸೀಸದ ಸಾಲ್ಡರ್ ಹಾಕಿದ್ದೆ. 2 ಕೆಜೀಲಿ ಉಗಿ ಇರೋದು 133 ಡಿಗ್ರಿ, ಸಾಲ್ಡರ್ ಕರಗೋಕೆ ಶುರುವಾಗೋದು 183ಕ್ಕೆ, ಏನಾಗಲ್ಲ ಬಿಡು ಅಂದ್ಕೊಂಡೆ. ನೀರು ಇರೋ ತನಕ ಅದು ಸರೀನೇ. ನೀರು ಮುಗೀತು, ಉರಿ ಮುಗಿಲಿಲ್ಲ. ಬರಿ ತಾಮ್ರದ ಬಿಸಿ ಒಂದ್ ನಿಮಿಷದಲ್ಲಿ ಎಲ್ಲಿಗೋ ಹೋಯ್ತು, ಕೆಳಗಿನ ಜಾಯಿಂಟಿಂದ ಸಾಲ್ಡರ್ ಬೆಳ್ಳಿ ಹನಿ ತರ ತೊಟ್ಟಿಕ್ತು, ಉಳಿದಿದ್ದ ಉಗಿ ಬುಸ್ ಅಂತ ಬರ್ನರ್ ಮೇಲೆ ಬಿತ್ತು. ಅಡುಗೆಮನೆಯಿಂದ ನಮ್ಮವ್ವ "ಏನ್ಲಾ ಅದು, ಕುಕ್ಕರ್ ಗ್ಯಾಸ್ಕೆಟ್ ಹೋಯ್ತಾ" ಅಂತ ಕೂಗಿದ್ರು. ಹೋಗಿದ್ದು ನನ್ನ ಮೂರು ವಾರದ ಕೆಲ್ಸ.

ಅದಕ್ಕೆ ಬೆಳ್ಳಿ ರಾಡಿಂದ ಬ್ರೇಜಿಂಗ್, ಅಂದ್ರೆ ಗಟ್ಟಿ ಬೆಸುಗೆ, ಮಾಡಿಸ್ರಿ, ಅದು ಕರಗೋಕೆ 600 ಡಿಗ್ರಿ ಮೇಲೆ ಬೇಕು. ಎಸಿ ಮೆಕ್ಯಾನಿಕ್‌ಗಳ ಹತ್ರ ಇರೋ ಫಾಸ್ಫರಸ್ ತಾಮ್ರದ ರಾಡ್ ತಾಮ್ರಕ್ಕೆ ತಾಮ್ರ ಸೇರಿಸೋಕೆ ಫ್ಲಕ್ಸ್, ಅಂದ್ರೆ ಬೆಸುಗೆ ಹಿಡಿಯೋಕೆ ಹಚ್ಚೋ ಪುಡಿ, ಇಲ್ದೇನೂ ನಡಿಯುತ್ತೆ, ಹಿತ್ತಾಳೆ ಬುಶ್, ಅಂದ್ರೆ ಪ್ಲಗ್ಗು ಪೈಪು ಕೂರಿಸೋ ದಪ್ಪ ಬಳೆ, ಇರೋ ಕಡೆ ಫ್ಲಕ್ಸ್ ಬೇಕೇ ಬೇಕು. ಕ್ಯಾಡ್ಮಿಯಂ ಇರೋ ರಾಡ್ ಬೇಡ, ಹೊಗೆ ವಿಷ, ಕೇಳಿ ತಗೊಳ್ರಿ. ಮೇಲೆ ಎರಡು ಹಿತ್ತಾಳೆ ಬುಶ್, ಒಂದ್ರಲ್ಲಿ ನೀರು ತುಂಬೋ ಪ್ಲಗ್ಗು ಕಮ್ ಸೇಫ್ಟಿ ವಾಲ್ವು, ಇನ್ನೊಂದ್ರಲ್ಲಿ ಉಗಿ ಪೈಪು, ಅದಕ್ಕೇ ಟೀ ಜಾಯಿಂಟ್ ಹಾಕಿ ಸಣ್ಣ ಗೇಜ್. ಉಗಿ ಪೈಪು 3 ಮಿಮೀ ತಾಮ್ರದ್ದು, ಫ್ರಿಜ್ಜಿನ ಕೆಪಿಲರಿ ಟ್ಯೂಬ್ ಹಾಕಬೇಡ್ರಿ, ತೂತು ತೀರಾ ಸಣ್ಣದು. ಬ್ರೇಜಿಂಗ್ ಆದ್ಮೇಲೆ ಕರಿ ಹೋಗೋಕೆ ಹುಣಸೆಹಣ್ಣಿನ ನೀರಲ್ಲಿ ರಾತ್ರಿ ಹಾಕಿಟ್ರೆ ಬೆಳಗ್ಗೆ ಪೂಜೆ ತಂಬಿಗೆ ತರ ಆಗಿರುತ್ತೆ.

ಸೇಫ್ಟಿ ವಾಲ್ವ್ ಅಂದ್ರೆ 3 ಮಿಮೀ ತೂತಿನ ಮೇಲೆ ಒಂದು ಸ್ಟೀಲ್ ಗುಂಡು, ಅದನ್ನ ಒತ್ತಿರೋ ಸ್ಪ್ರಿಂಗು. 2 ಕೆಜಿ ಪ್ರೆಶರ್ ಅಷ್ಟು ಸಣ್ಣ ತೂತಲ್ಲಿ ಗುಂಡನ್ನ ಎತ್ತೋ ಬಲ 140 ಗ್ರಾಂ ಅಷ್ಟೇ. ಮನೆ ಡಿಜಿಟಲ್ ತಕ್ಕಡಿ ಮೇಲೆ ಒಂದು ಸಣ್ಣ ಕಡ್ಡಿ ನೆಟ್ಟಗೆ ನಿಲ್ಸಿ ತಕ್ಕಡಿ ಸೊನ್ನೆ ಮಾಡ್ರಿ, ವಾಲ್ವನ್ನ ಮೇಲಿಂದ ಅದ್ರ ತುದಿಗೆ ಕೂರಿಸಿ ಒತ್ರಿ, ಗುಂಡು ಏಳೋ ಹೊತ್ತಿಗೆ ತಕ್ಕಡಿ 140 ತೋರಿಸೋ ತನಕ ಸ್ಪ್ರಿಂಗ್ ಬಿಗಿ ಮಾಡ್ತಾ ಹೋಗ್ರಿ. ಬಾಲ್‌ಪೆನ್ ಸ್ಪ್ರಿಂಗ್ ಹಾಕೋ ಆಸೆ ಎಲ್ಲರಿಗೂ ಬರುತ್ತೆ, ತುಕ್ಕು ಹಿಡಿದು ಕಚ್ಕೊಳ್ಳುತ್ತೆ, ಸ್ಟೇನ್‌ಲೆಸ್ಸೇ ಹಾಕ್ರಿ, ಗುಂಡೂ ಅಷ್ಟೇ, ಸೈಕಲ್ ಗುಂಡು ಬೇಡ.

ಈಗ ಟೆಸ್ಟು. ಗಾಳೀಲಿ ಟೆಸ್ಟ್ ಮಾಡಲೇಬಾರದು, ನೀರಲ್ಲೇ ಮಾಡಬೇಕು. ನೀರು ಅದುಮಿದ್ರೆ ಕುಗ್ಗಲ್ಲ, ಹಂಗಾಗಿ ಎಲ್ಲಾದ್ರೂ ಬಿಟ್ರೆ ಒಂದು ಚಿಮ್ಮು ಚಿಮ್ಮಿ ನಿಲ್ಲುತ್ತೆ, ಗಾಳಿ ಆದ್ರೆ ತುಂಡು ಹಾರುತ್ತೆ. ಪ್ಲಂಬರ್‌ಗಳ ಹತ್ರ ಪೈಪ್‌ಲೈನ್ ಚೆಕ್ ಮಾಡೋ ಕೈಪಂಪ್ ಗೇಜ್ ಸಮೇತ ಇರುತ್ತೆ, ಬಾಯ್ಲರ್ ಬಾಯಿ ತನಕ ನೀರು ತುಂಬಿ, ವಾಲ್ವ್ ಜಾಗಕ್ಕೆ ಬೋಲ್ಟ್ ಹಾಕಿ, 4 ಕೆಜಿಗೆ ಏರಿಸಿ ಹತ್ತು ನಿಮಿಷ ಬಿಡ್ರಿ. ಮುಳ್ಳು ಅಲ್ಲಾಡಬಾರದು, ಮುಚ್ಚಳ ಉಬ್ಬಬಾರದು. ಬೆವರಿದಂಗೆ ಸಣ್ಣ ಹನಿ ಕಂಡ್ರೂ ವಾಪಸ್ ಬ್ರೇಜಿಂಗಿಗೆ.

ಇಂಜಿನ್ನಿಗೆ ತೂಗಾಡೋ ಸಿಲಿಂಡರ್ ಒಳ್ಳೇದು, ಬೇರೆ ವಾಲ್ವ್ ಗೇರ್ ಏನೂ ಇಲ್ಲ. ಸಿಲಿಂಡರೇ ಒಂದು ಪಿನ್ ಮೇಲೆ ತೊಟ್ಟಿಲ ತರ ಆಡುತ್ತೆ, ಅದ್ರಲ್ಲಿ ಒಂದು ತೂತು, ಹಿಂದಿನ ಪ್ಲೇಟಲ್ಲಿ ಎರಡು, ಆ ಕಡೆ ವಾಲಿದ್ರೆ ಉಗಿ ಒಳಗೆ, ಈ ಕಡೆ ವಾಲಿದ್ರೆ ಹೊರಗೆ. ನನ್ನ ಅಳತೆ: ಬೋರ್, ಅಂದ್ರೆ ಸಿಲಿಂಡರ್ ಒಳಗಿನ ಅಗಲ, 8 ಮಿಮೀ. ಸ್ಟ್ರೋಕ್, ಅಂದ್ರೆ ಪಿಸ್ಟನ್ ಓಡಾಡೋ ದೂರ, 12. ಅದಕ್ಕೆ ಪಿಸ್ಟನ್ ರಾಡ್ ಹಿಡಿದು ಶಾಫ್ಟ್ ತಿರುಗಿಸೋ ಕ್ರ್ಯಾಂಕ್ ಪಿನ್ ಶಾಫ್ಟ್ ಮಧ್ಯದಿಂದ 6. ಕ್ರ್ಯಾಂಕ್ ಮಧ್ಯದಿಂದ ಸಿಲಿಂಡರ್ ಪಿನ್‌ಗೆ 30. ಸಿಲಿಂಡರ್ ಪಿನ್ನಿಂದ ಮೇಲೆ ತೂತಿಗೆ 12.5. ಈಗ 6ನ್ನ 30ರಿಂದ ಭಾಗಿಸಿ 12.5ರಿಂದ ಗುಣಿಸಿದ್ರೆ 2.5, ಅಷ್ಟೇ ದೂರಕ್ಕೆ ಮಧ್ಯದ ಗೆರೆಯಿಂದ ಆಚೆ ಈಚೆ ಪ್ಲೇಟಲ್ಲಿ ಎರಡು ತೂತು. ಡ್ರಿಲ್ 2 ಮಿಮೀ, 2.5 ದಾಟಿದ್ರೆ ಸಿಲಿಂಡರ್ ನೆಟ್ಟಗೆ ನಿಂತಾಗ ಒಟ್ಟಿಗೆ ಎರಡೂ ತೆರ್ಕೊಂಡು ಉಗಿ ಸೀದಾ ಹೊರಗೆ ಓಡುತ್ತೆ. ಪಿಸ್ಟನ್ ರಾಡ್ ಸೇರಿ, ಕ್ರ್ಯಾಂಕ್ ಪಿನ್ ತೂತಿನ ಮಧ್ಯದಿಂದ ಪಿಸ್ಟನ್ ತಲೆಗೆ 35, ಇಷ್ಟಿದ್ರೆ ಮೇಲೆ ಬಂದಾಗ ತೂತು ಮುಚ್ಚಲ್ಲ.

ಲೇತಿನಣ್ಣ ಸಿಲಿಂಡರ್ ನೋಡಿ "ಏನ್ ತಮ್ಮ, ಸಿರಿಂಜ್ ಮಾಡಿಸ್ತಿದೀಯಾ" ಅಂದ, ನಿಜ ಹೇಳ್ಬೇಕಂದ್ರೆ ಟೆಸ್ಟೂ ಸಿರಿಂಜಿಂದೇ. ತೂತನ್ನ ಬೆರಳಲ್ಲಿ ಮುಚ್ಚಿ ಪಿಸ್ಟನ್ ಹೊರಗೆ ಎಳೆದು ಬಿಟ್ರೆ ಪಟ್ ಅಂತ ವಾಪಸ್ ಒಳಗೆ ಹೋಗ್ಬೇಕು. ಹೋಗ್ಲಿಲ್ಲ ಅಂದ್ರೆ ಲೂಸು. ಇದಕ್ಕೆ ಡ್ರಿಲ್ ಸಾಲಲ್ಲ, ಕೊನೇಗೆ ತೂತನ್ನ ನುಣ್ಣಗೆ ಸರಿ ಅಳತೆಗೆ ತರೋ 8 ಮಿಮೀ ರೀಮರ್ ಹಾಕಿಸ್ರಿ.

ಇಂಜಿನ್ ಓಡೋದು ಬಿಡೋದು ನಿಂತಿರೋದು ಸಿಲಿಂಡರ್ ಮುಖ ಮತ್ತೆ ಪ್ಲೇಟ್ ಮುಖ ಎಷ್ಟು ಸಪಾಟು ಅನ್ನೋದ್ರ ಮೇಲೆ. ದಪ್ಪ ಗಾಜಿನ ಮೇಲೆ 600ರ ವಾಟರ್ ಪೇಪರ್ ಅಂಟಿಸಿ ಸ್ವಲ್ಪ ಸೀಮೆಎಣ್ಣೆ ಹಾಕ್ರಿ, ಮುಖಕ್ಕೆಲ್ಲ ಮಾರ್ಕರ್ ಪೆನ್ ಬಳೀರಿ, ಎಂಟರ ಆಕಾರದಲ್ಲಿ ಉಜ್ರಿ. ಮೊದ್ಲು ಅಂಚಲ್ಲಿ ಮಾತ್ರ ಬಣ್ಣ ಹೋಗುತ್ತೆ, ಮಧ್ಯೆ ಹಂಗೇ ಕೂತಿರುತ್ತೆ, ಅಂದ್ರೆ ಅಲ್ಲಿ ಗುಂಡಿ ಐತೆ. ಪೂರ್ತಿ ಹೋಗೋ ತನಕ ಉಜ್ಜಿ, 1200ರಲ್ಲಿ ಇನ್ನೊಂದ್ಸಲ ಬಣ್ಣ ಬಳಿದು ಮತ್ತೆ. ನನಗೆ ಒಂದು ಇಡೀ ಭಾನುವಾರ ಹಿಡೀತು. ವಾಲ್ವ್ ಗ್ರೈಂಡಿಂಗ್ ಪೇಸ್ಟ್ ಮಾತ್ರ ಮುಟ್ಟಬೇಡ್ರಿ, ಹಿತ್ತಾಳೆ ಒಳಗೆ ಕೂತ್ಕೊಂಡು ಆಮೇಲೆ ಇಂಜಿನ್ನನ್ನೇ ತಿನ್ನುತ್ತೆ.

ಫ್ಲೈವೀಲ್ 35 ಮಿಮೀ ಹಿತ್ತಾಳೆ, 10 ದಪ್ಪ. ಒಂದೇ ಸಿಲಿಂಡರ್ ಆಗಿರೋದ್ರಿಂದ ತಾನಾಗೇ ಸ್ಟಾರ್ಟ್ ಆಗಲ್ಲ, ಬೆರಳಲ್ಲಿ ಒಂದ್ ತಿರುವು ಕೊಡಬೇಕು. ಉಲ್ಟಾ ತಿರುಗಿದ್ರೆ ತಲೆ ಕೆಡಿಸ್ಕೋಬೇಡ್ರಿ, ಉಗಿ ಪೈಪು ಎಕ್ಸಾಸ್ಟ್ ಪೈಪು ಅದಲುಬದಲು ಮಾಡಿದ್ರೆ ಸರಿ ಹೋಗುತ್ತೆ. ಎಣ್ಣೆ ತೆಳ್ಳಗಿರೋ ಮಿಶಿನ್ ಆಯಿಲ್ ಬೇಡ, ಉಗಿ ತೊಳೆದುಬಿಡುತ್ತೆ, 460 ಗ್ರೇಡಿನ ಸ್ಟೀಮ್ ಸಿಲಿಂಡರ್ ಆಯಿಲ್ ಗಟ್ಟಿಗಿರುತ್ತೆ, ಅದೇ ಬೇಕು.

ಬರ್ನರಿಗೆ ಎಣ್ಣೆ ಡಬ್ಬದ ತಗಡಲ್ಲಿ ಒಂದು ಚಪ್ಪಟೆ ಪೆಟ್ಟಿಗೆ, ಮೂರು ಹಿತ್ತಾಳೆ ಕೊಳವೆ, ಒಳಗೆ ಹತ್ತಿ ಬತ್ತಿ. ಹತ್ತಿಗೆ ನಮ್ಮೂರಲ್ಲಿ ಬರಗಾಲ ಇಲ್ಲ ಬಿಡ್ರಿ, ಮಿಲ್ಲು ಮುಚ್ಚಿದ್ರೂ. ಮರಗೆಲಸದವರು ಪಾಲಿಶಿಗೆ ಚಂದ್ರಸ ಕಲಸೋ ಸ್ಪಿರಿಟ್ ಇದಕ್ಕೆ ಸರಿ. ಅದು ವಿಷ, ಮಕ್ಕಳ ಕೈಗೆ ಸಿಗಬಾರದು. ಇನ್ನೊಂದು, ಬಿಸಿಲಲ್ಲಿ ಅದರ ಉರಿ ಕಣ್ಣಿಗೆ ಕಾಣಲ್ಲ, ಆರಿದೆ ಅಂದ್ಕೊಂಡು ಮತ್ತೆ ಸುರಿದ್ರೆ ಕೈ ಸುಟ್ಕೊಳ್ತೀರ. ಆರಿ ತಣ್ಣಗಾಗೋ ತನಕ ಬಾಟ್ಲಿ ಹತ್ರಾನೂ ತರಬೇಡ್ರಿ.

ನನ್ನ ಮೊದಲ ಬಾಯ್ಲರ್ ಸತ್ತಿದ್ದಕ್ಕೆ ಮದ್ದು ಇಲ್ಲೈತೆ: ಸ್ಪಿರಿಟ್ ಮೊದ್ಲು ಮುಗೀಬೇಕು, ನೀರು ಉಳೀಬೇಕು. ಬಾಯ್ಲರಿಗೆ 70 ಎಂಎಲ್ ನೀರು, ಬರ್ನರಿಗೆ ಸಿರಿಂಜಲ್ಲಿ ಅಳೆದು 15 ಎಂಎಲ್ ಸ್ಪಿರಿಟ್. ನನ್ನ ಬೋಟಲ್ಲಿ ಉರಿ ಆರಿದ್ಮೇಲೆ ಅರ್ಧದಷ್ಟು ನೀರು ಒಳಗೇ ಇರುತ್ತೆ. ನೀವು ಮೊದಲ ಸಲ ಉರಿಸಿದಾಗ ಉಳಿದಿದ್ದನ್ನ ಬಗ್ಗಿಸಿ ಅಳೀರಿ, 25 ಎಂಎಲ್‌ಗಿಂತ ಕಮ್ಮಿ ಇದ್ರೆ ಸ್ಪಿರಿಟ್ ಇಳಿಸ್ರಿ. ಅದೇ ಸಲ ಉಗಿ ಪೈಪ್ ಮುಚ್ಚಿ ಸೇಫ್ಟಿ ವಾಲ್ವ್ ಬಿಡೋದನ್ನೂ ದೂರ ನಿಂತು ನೋಡ್ರಿ, ವಾಲ್ವ್ ಬುಸ್ ಅನ್ನೋವಾಗ ಗೇಜ್ 2 ದಾಟಿ ಏರ್ತಾ ಹೋಗಬಾರದು. ಬೋರ್‌ವೆಲ್ ನೀರು ಹಾಕಬೇಡ್ರಿ, ಗೀಸರ್ ಕಾಯಿಲ್ ಮೇಲೆ ಬಿಳಿ ಪದರ ನೋಡಿದೀರಲ್ಲ. ಮಳೆ ನೀರು ಸೋಸಿ ಇಟ್ಕೊಂಡ್ರೆ ಸಾಕು.

ಬೋಟಿಂದು ಜಾಸ್ತಿ ಹೇಳೋದಿಲ್ಲ. 3 ಮಿಮೀ ಪ್ಲೈವುಡ್, 60 ಸೆಂಟಿಮೀಟರ್ ಉದ್ದ 15 ಅಗಲ, ಒಳಗೂ ಹೊರಗೂ ಫೈಬರ್ ರೆಸಿನ್. 4 ಸೆಂಟಿಮೀಟರ್ ಮುಳುಗಿದ್ರೆ, ಆಕಾರಕ್ಕೆ ಅರ್ಧ ಕಳೆದು, 1.8 ಕೆಜಿ ಹೊರುತ್ತೆ, ನಂದು ಎಲ್ಲಾ ಸೇರಿ 1.4. ಬಾಯ್ಲರ್ ಎಷ್ಟು ಕೆಳಗೆ ಕೂರುತ್ತೋ ಅಷ್ಟು ಒಳ್ಳೇದು, ಬರ್ನರ್ ಸುತ್ತ ತಗಡು ಹೊದಿಸಿ ಮರಕ್ಕೂ ತಗಡಿಗೂ ಮಧ್ಯೆ ಗಾಳಿ ಬಿಡ್ರಿ. ಶಾಫ್ಟ್ 3 ಮಿಮೀ ಸ್ಟೇನ್‌ಲೆಸ್, ಹಿತ್ತಾಳೆ ಟ್ಯೂಬಲ್ಲಿ ಗ್ರೀಸ್ ತುಂಬಿ, ಇಂಜಿನ್ನಿಗೆ ಸಿಲಿಕಾನ್ ಟ್ಯೂಬ್ ತುಂಡಿಂದ ಜೋಡಣೆ. ಫ್ಯಾನು 40 ಮಿಮೀ, ಹಿತ್ತಾಳೆ ಶೀಟ್ ಕತ್ತರಿಸಿ ಮೂರು ರೆಕ್ಕೆ ತಿರುಚಿದ್ರೆ ಆಯ್ತು. ಎಲ್ಲ ಅಂಟಿಸೋಕೆ ಮುಂಚೆ ಟಬ್ಬಲ್ಲಿ ಸುಮ್ನೆ ಇಟ್ಟು ತೇಲಿಸಿ ನೋಡ್ರಿ.

ಬಿಡೋದೆಲ್ಲಿ? ಕುಂದವಾಡ ಕೆರೆ ಕಣ್ಣಿಗೆ ಬೀಳುತ್ತೆ, ಆದ್ರೆ ಅದು ಊರಿಗೆ ಕುಡಿಯೋಕೆ ಕೊಡೋ ನೀರು, ಎಕ್ಸಾಸ್ಟಲ್ಲಿ ಎಣ್ಣೆ ಬರುತ್ತೆ, ಬೇಡ. ಪ್ಲಾಸ್ಟಿಕ್ ಹಾಸಿರೋ ಕೃಷಿ ಹೊಂಡಾನೂ ಬೇಡ, ಜಾರಿ ಒಳಗೆ ಬಿದ್ರೆ ಮೇಲೆ ಹತ್ತೋಕಾಗಲ್ಲ. ನಾನು ಚನ್ನಗಿರಿ ಕಡೆ ನಮ್ಮ ಮಾವನ ಅಡಿಕೆ ತೋಟದ ತೊಟ್ಟೀಲಿ ಬಿಡ್ತೀನಿ, ಸಿಮೆಂಟ್ ಕಟ್ಟೆ, ಸೊಂಟದ ಆಳ. ಎಕ್ಸಾಸ್ಟ್ ಪೈಪ್ ಒಂದು ಸಣ್ಣ ಡಬ್ಬಿಗೆ ಬಿಟ್ರೆ ಎಣ್ಣೆ ನೀರು ಅಲ್ಲೇ ನಿಲ್ಲುತ್ತೆ, ಬಿಳಿ ಉಗಿ ಮಾತ್ರ ಚಿಮಣಿಗೆ ಹೋಗುತ್ತೆ. ಹಿಂದೆ ಮೀನಿನ ಗಾಳದ ದಾರ ಕಟ್ಟಿರಿ, ನಡುವೆ ನಿಂತುಹೋದ್ರೆ ಎಳ್ಕೊಳ್ಳೋಕೆ.

ಉರಿ ಆರಿ ಗೇಜ್ ಸೊನ್ನೆಗೆ ಬಂದ ತಕ್ಷಣ, ಬಟ್ಟೆ ಹಿಡ್ಕೊಂಡು ಪ್ಲಗ್ ಬಿಚ್ಚಿಬಿಡ್ರಿ. ಮುಚ್ಚಿಯೇ ಇಟ್ರೆ ತಣ್ಣಗಾಗ್ತಾ ಒಳಗೆ ನಿರ್ವಾತ ಆಗಿ ಸಿಲಿಂಡರಲ್ಲಿರೋ ಎಣ್ಣೆನೆಲ್ಲ ಬಾಯ್ಲರ್ ಎಳ್ಕೊಳ್ಳುತ್ತೆ, ಮುಂದಿನ ಸಲ ನೀರು ನೊರೆ ಎದ್ದು ಇಂಜಿನ್ನಿಗೆ ಉಗಿ ಬದಲು ನೊರೆ ನೀರು ಹೋಗುತ್ತೆ. ಉಳಿದ ನೀರು ಚೆಲ್ಲಿ, ಸಿಲಿಂಡರಿಗೆ ಎರಡು ಹನಿ ಎಣ್ಣೆ ಬಿಟ್ಟು, ಫ್ಲೈವೀಲನ್ನ ಕೈಯಲ್ಲಿ ಹತ್ತು ಸುತ್ತು ತಿರುಗಿಸಿ ಎತ್ತಿಡ್ರಿ.